ವಸ್ತ್ರದ ಬದಲು ಅಕ್ಷತೆ

ನಮ್ಮ ಮನೆಗಳಲ್ಲಿ ಪೂಜೆ ನಡೆಯುವಾಗ ಪುರೋಹಿತರು ಉಪಚಾರಗಳನ್ನು ಒಂದೊಂದಾಗಿ ಹೇಳಿಸುತ್ತ ವಸ್ತ್ರದ ಬಳಿಗೆ ಬಂದರೆ, ಯಜಮಾನನು ತಟ್ಟೆಯಲ್ಲಿ ತಡಕಾಡುವುದುಂಟು. ವಸ್ತ್ರವಿರುವುದಿಲ್ಲ. ಪುರೋಹಿತರು ತಲೆಯೆತ್ತಿಯೂ ನೋಡದೆ ‘ವಸ್ತ್ರಾರ್ಥೇ ಅಕ್ಷತಾನ್ ಸಮರ್ಪಯಾಮಿ’ ಎಂದುಬಿಡುತ್ತಾರೆ. ಆಭರಣಕ್ಕೂ ಅಕ್ಷತೆ, ಛತ್ರಚಾಮರಗಳಿಗೂ ಅಕ್ಷತೆ. ಒಂದು ಹಿಡಿ ಅಕ್ಕಿಯಲ್ಲಿ ದೇವರಿಗೆ ಇಡೀ ರಾಜೋಪಚಾರ ಸಂದುಹೋಗುತ್ತದೆ. ಹುಡುಗನಾಗಿದ್ದಾಗ ಇದು ದೇವರಿಗೆ ನಾವು ಮಾಡುವ ಸಣ್ಣದೊಂದು ಮೋಸವೆಂದೇ ನನಗೆ ತೋರುತ್ತಿತ್ತು. ಎಪ್ಪತ್ತು ದಾಟಿದ ಮೇಲೆ ಹಳೆಯ ಮೋಟಾರು ಕಾರೊಂದರ ಜೀರ್ಣೋದ್ಧಾರಕ್ಕೆ ಕೈಹಾಕಿದಾಗ ಆ ಅಕ್ಷತೆಯ ಹಿಂದೆ ಎಷ್ಟು ಕಷ್ಟದ ವಿವೇಕವಿದೆಯೆಂಬುದು ನನಗೆ ಅರಿವಾಯಿತು.

ಕಾರು ನನ್ನ ಸೋದರಮಾವನದು. ಇಂಗ್ಲೆಂಡಿನ ರೈಲೀ, ಒಂದೂವರೆ ಲೀಟರಿನದು. ಬಲ್ಲವರು ಆರ್‌ಎಂಎ ಎಂದು ಕರೆಯುವ ಮಾದರಿ. ೧೯೪೫ರಿಂದ ೧೯೫೨ರವರೆಗೆ ಸುಮಾರು ಹತ್ತೂವರೆ ಸಾವಿರ ಕಾರುಗಳಷ್ಟೇ ಈ ಮಾದರಿಯಲ್ಲಿ ತಯಾರಾದುವು. ಮೊದಲು ಕವೆಂಟ್ರಿಯಲ್ಲಿ, ೧೯೪೯ರ ಬಳಿಕ ಆ್ಯಬಿಂಗ್ಡನ್ನಿನಲ್ಲಿ. ೧೯೬೯ರಲ್ಲಿ ರೈಲೀ ಎಂಬ ಹೆಸರೇ ಕಾರುಗಳ ಲೋಕದಿಂದ ಅಳಿಯಿತು. ನಮ್ಮದು ೧೯೫೦ರ ಗಾಡಿ. ಚಿಕ್ಕಮಗಳೂರಿನ ಕಾಫಿ ತೋಟದವರೊಬ್ಬರಿಂದ ಮಾವ ಅದನ್ನು ಕೊಂಡದ್ದು ೧೯೫೮ರಲ್ಲಿ. ವೈದ್ಯರಾಗಿದ್ದ ಅವರು ಹೆರಿಗೆಗಳಿಗೂ ಹಾವು ಕಡಿತಗಳಿಗೂ ಅದರಲ್ಲೇ ಓಡಾಡಿದರು. ಅವರು ತೀರಿಕೊಂಡ ಮೇಲೆ ಅದು ಮೈಸೂರಿನ ಮನೆಯ ಹಿತ್ತಿಲ ಕೊಟ್ಟಿಗೆಯಲ್ಲಿ ಬಹುಕಾಲ ನಿಂತಿತ್ತು.

ಇಂತಹ ಕಾರನ್ನು ಎಬ್ಬಿಸುವಾಗ ಎಂಜಿನ್ನೇ ಕಠಿಣವೆಂದು ಜನ ತಿಳಿಯುತ್ತಾರೆ. ವಾಸ್ತವವಾಗಿ ಅದು ಸುಲಭ. ಕಬ್ಬಿಣಕ್ಕೆ ಅಳತೆಯಿದೆ, ಅಳತೆಯಿದ್ದಲ್ಲಿ ಒಬ್ಬ ಲೇತ್ ಕೆಲಸಗಾರನಿದ್ದರೆ ಸಾಕು. ಕಠಿಣವಾದದ್ದು ಒಳ ಅಲಂಕಾರ: ಆಸನದ ಚರ್ಮ, ಬಾಗಿಲಿನ ಹೊದಿಕೆ, ಒಳಚಾವಣಿಯ ಬಟ್ಟೆ, ನೆಲದ ಹಾಸು, ಕಿಟಕಿಯಂಚಿನ ಮರ. ಇವುಗಳನ್ನು ತಯಾರಿಸಿದ ಗಿರಣಿಗಳೂ ಹದಗಾರರೂ ಬಣ್ಣದವರೂ ಹೋಗಿಬಿಟ್ಟಿದ್ದಾರೆ. ಒಂದು ಬಟ್ಟೆ ನಿಂತುಹೋಯಿತೆಂದರೆ ಅದರ ನಕ್ಷೆಯನ್ನಿಟ್ಟುಕೊಂಡು ಯಾರೂ ಮತ್ತೆ ಅದನ್ನು ಕೊರೆದು ತೆಗೆಯಲಾರರು. ಆದ್ದರಿಂದ ಬದಲಿ ವಸ್ತುವನ್ನು ಹುಡುಕಬೇಕು.

ನಾನು ಕಾರನ್ನು ಬಿಚ್ಚಿದಾಗ ಮೊದಲು ಕಂಡದ್ದೇ ಬದಲಿಗಳ ಒಂದು ಚರಿತ್ರೆ. ಫೋರ್ಡ್, ಜನರಲ್ ಮೋಟಾರ್ಸ್ ಸಂಸ್ಥೆಗಳು ೧೯೫೪ರ ಹೊತ್ತಿಗೆ ನಮ್ಮ ದೇಶದಲ್ಲಿದ್ದ ಜೋಡಣೆಯ ಕಾರ್ಖಾನೆಗಳನ್ನು ಮುಚ್ಚಿ ಹೊರಟವು; ಆಮದಿನ ನಿರ್ಬಂಧಗಳು ಬಿಗಿಯಾಗಿ ಪರದೇಶದ ಬಿಡಿಭಾಗಗಳು ಬರುವುದೇ ದುರ್ಲಭವಾಯಿತು. ಆಮೇಲೆ ಈ ಕಾರು ಬದುಕಿದ್ದು ಮೈಸೂರಿನ ಕುಶಲಿಗಳ ಉಪಾಯದಿಂದ. ಇದರ ಒಡಲಿನ ಚೌಕಟ್ಟು ಆ್ಯಶ್ ಮರದ್ದು. ಅದು ಬಾಗುತ್ತದೆ, ಪೆಟ್ಟು ತಡೆಯುತ್ತದೆ, ಆದರೆ ತೇವಕ್ಕೂ ಹುಳುವಿಗೂ ಬೇಗ ಸೋಲುತ್ತದೆ. ಹಿಂದಿನ ಬಾಗಿಲ ಕಂಬವನ್ನು ಯಾರೋ ಬಡಗಿ ತೇಗದಲ್ಲಿ ಮಾಡಿಕೂರಿಸಿದ್ದ. ಅದು ಇಂದಿಗೂ ಕಲ್ಲಿನಂತಿದೆ. ಆಸನದ ಸ್ಪ್ರಿಂಗುಗಳ ಮೇಲೆ ತೆಂಗಿನ ನಾರು ತುಂಬಿತ್ತು. ಒಳಚಾವಣಿಯಲ್ಲಿ ಉಣ್ಣೆಯ ಬದಲು ಚಹಾ ಬಣ್ಣದ ಹತ್ತಿಯ ಬಟ್ಟೆ, ಜೋಡಣೆಯುದ್ದಕ್ಕೂ ಕೈಹೊಲಿಗೆ.

ಇವುಗಳಲ್ಲಿ ಯಾವುದನ್ನು ಇಡಬೇಕು, ಯಾವುದನ್ನು ತೆಗೆಯಬೇಕು? ಹಳೆಯ ಕಾರುಗಳ ವಿಷಯದಲ್ಲಿ ಪ್ರವೀಣರಾದ ಮಿತ್ರರೊಬ್ಬರು, ಕಾರ್ಖಾನೆಯಿಂದ ಹೊರಬಂದ ದಿನ ಇಲ್ಲದಿದ್ದುದನ್ನೆಲ್ಲ ಕಿತ್ತುಹಾಕಬೇಕೆಂದರು. ಇನ್ನೊಬ್ಬರು, ಹೊರಗಿನಿಂದ ಹೊಳೆದರೆ ಸಾಕು, ಒಳಗೆ ಏನಿದ್ದರೇನು ಎಂದರು. ಎರಡೂ ನನಗೆ ಒಪ್ಪಿಗೆಯಾಗಲಿಲ್ಲ.

ದಾರಿ ತೋರಿದ್ದು ನಮ್ಮ ಮೀಮಾಂಸಕರು. ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯದಲ್ಲಿ ‘ಪ್ರತಿನಿಧಿ’ಯ ವಿಚಾರ ಬರುತ್ತದೆ. ಯಜ್ಞಕ್ಕೆ ವಿಧಿಸಿದ ದ್ರವ್ಯ ದೊರೆಯದಿದ್ದರೆ ಕರ್ಮವನ್ನು ನಿಲ್ಲಿಸಬೇಕಿಲ್ಲ. ಸೋಮಕ್ಕೆ ಬದಲು ಪೂತೀಕ, ವ್ರೀಹಿಗೆ ಬದಲು ನೀವಾರ ಆದೀತು. ಹಾಗೆಂದು ಕೈಗೆ ಸಿಕ್ಕಿದ್ದನ್ನು ಸುರಿಯುವಂತಿಲ್ಲ. ಬದಲಿ ಮೂಲವನ್ನು ಹೋಲಬೇಕು. ದೇವತೆಗೂ ಅಗ್ನಿಗೂ ಮಂತ್ರಕ್ಕೂ ಬದಲಿಯೇ ಇಲ್ಲ. ಇನ್ನೊಂದು ನಿಯಮ ನನಗೆ ಬಹಳ ಹಿಡಿಸಿತು. ಬದಲಿಯಾಗಿ ತಂದದ್ದೂ ಕೆಟ್ಟುಹೋದರೆ, ಆಗ ಹುಡುಕಬೇಕಾದದ್ದು ಬದಲಿಯನ್ನು ಹೋಲುವುದನ್ನಲ್ಲ. ಮತ್ತೆ ಮೂಲವನ್ನು ಹೋಲುವುದನ್ನು. ನಕಲಿನ ನಕಲು ಮಾಡುತ್ತ ಹೋದರೆ ನಾಲ್ಕನೆಯ ಸಲಕ್ಕೆ ಮೂಲದ ನೆನಪೇ ಉಳಿಯುವುದಿಲ್ಲವೆಂಬುದನ್ನು ಅವರು ಕಂಡುಕೊಂಡಿದ್ದರು. ತೇಗದ ಕಂಬವೂ ನಾರೂ ಕೆಟ್ಟಿರಲಿಲ್ಲ. ಅವುಗಳನ್ನು ಹಾಗೆಯೇ ಉಳಿಸಿದೆ. ಕೆಟ್ಟದ್ದಕ್ಕೆ ಮಾತ್ರ ಹುಡುಕಾಟ ಮೊದಲಾಯಿತು.

ಹೋಲಬೇಕು, ಸರಿ. ಯಾವುದರಲ್ಲಿ ಹೋಲಬೇಕು? ಇದನ್ನು ನನಗೆ ಕಲಿಸಿದ್ದು ಕಾರಿನ ಮಾಡು. ರೈಲೀಯ ಮಾಡಿಗೆ ಮರದ ಆಸರೆ. ಅದರ ಮೇಲೆ ಕಪ್ಪು ತೊಗಲುಬಟ್ಟೆಯ ಹೊದಿಕೆ. ಬೆಂಗಳೂರಿನ ಜೆ. ಸಿ. ರಸ್ತೆಯ ಅಂಗಡಿಯೊಂದರಲ್ಲಿ ಆಟೋರಿಕ್ಷಾಗಳಿಗೆ ಹೊದಿಸುವ ರೆಕ್ಸಿನ್ ನೋಡಿದೆ. ಬಣ್ಣ ಅದೇ, ಮೇಲಣ ಗೆರೆಗಳೂ ಹೆಚ್ಚುಕಡಮೆ ಅವೇ, ಬೆಲೆಯೂ ಅಗ್ಗ. ಕುಷನ್ ಕೆಲಸದ ಸಾಹೇಬರು ತಲೆಯಾಡಿಸಿದರು. “ಒಂದು ತುಂಡು ತಗೊಂಡ್ಹೋಗಿ ತಾರಸಿ ಮೇಲೆ ಮೊಳೆ ಹೊಡೆದಿಡಿ ಸ್ವಾಮಿ, ಯುಗಾದಿಯಿಂದ ಮಳೆಗಾಲದವರೆಗೆ ಇರಲಿ, ಆಮೇಲೆ ಮಾತಾಡೋಣ” ಎಂದರು. ಹಾಗೆಯೇ ಮಾಡಿದೆ. ಆ ಬಟ್ಟೆಯನ್ನು ಮೆದುವಾಗಿಡುವ ಎಣ್ಣೆಯಂತಹ ಪದಾರ್ಥ ಬಿಸಿಲಿಗೆ ಮೆಲ್ಲನೆ ಹೊರಟುಹೋಗಿ, ಮಳೆ ಬರುವ ಹೊತ್ತಿಗೆ ತುಂಡು ಒಣಗಿದ ಹಪ್ಪಳದಂತೆ ಸೆಟೆದುಕೊಂಡಿತ್ತು. ಕಣ್ಣಿಗೆ ಅದು ಮೂಲವನ್ನು ಹೋಲುತ್ತಿತ್ತು. ಮರದ ಮೇಲೆ ನೀರು ಬೀಳದಂತೆ ಕಾಯುವ ಕೆಲಸದಲ್ಲಿ ಹೋಲುತ್ತಿರಲಿಲ್ಲ. ಕೊನೆಗೆ ಎರಡು ಬಟ್ಟೆಗಳ ನಡುವೆ ರಬ್ಬರನ್ನಿಟ್ಟು ಒತ್ತಿದ, ಮಡಚುವ ಮಾಡಿನ ಕಾರುಗಳಿಗೆ ಬಳಸುವ ದಪ್ಪ ಬಟ್ಟೆಯನ್ನು ಹಾಕಿಸಿದೆ. ಅದರಲ್ಲಿ ತೊಗಲಿನ ಗೆರೆಯಿಲ್ಲ, ನೇಯ್ಗೆ ಕಾಣುತ್ತದೆ. ಪ್ರವೀಣ ಮಿತ್ರರು ಮೂಗು ಮುರಿದರು. ಒಳಗಿನ ಮರ ಒಣಗಿದೆ.

ರೆಕ್ಸಿನ್ ಎಂದು ನಾವು ಎಲ್ಲಕ್ಕೂ ಅನ್ನುತ್ತೇವೆ. ಮೊದಲಿಗೆ ಅದು ಮ್ಯಾಂಚೆಸ್ಟರಿನ ಸಮೀಪದ ಹೈಡ್ ಎಂಬ ಊರಿನ ಒಂದು ಕಾರ್ಖಾನೆಯ ಸರಕಿನ ಹೆಸರು. ಹತ್ತಿಬಟ್ಟೆಯ ಮೇಲೆ ನೈಟ್ರೋಸೆಲ್ಯುಲೋಸಿನ ಲೇಪ ಬಳಿದು, ಚರ್ಮದ ಗೆರೆಗಳನ್ನು ಒತ್ತಿ ಮಾಡುತ್ತಿದ್ದರು. ಅದೂ ಚರ್ಮದ ಪ್ರತಿನಿಧಿಯೇ. ಅದನ್ನು ಕಾರಿಗೆ ಮಾತ್ರವಲ್ಲ, ಪುಸ್ತಕದ ರಟ್ಟಿಗೂ ಹೊದಿಸುತ್ತಿದ್ದರು. ಇದು ನೆನಪಾಗಿ ಬೆಂಗಳೂರಿನ ಅವೆನ್ಯೂ ರಸ್ತೆಯ ಹತ್ತಿರ ಬೈಂಡಿಂಗ್ ಮಾಡುವ ಮುದುಕರೊಬ್ಬರ ಬಳಿಗೆ ಹೋದೆ. ಲೆಕ್ಕದ ಪುಸ್ತಕಗಳಿಗೆಂದು ತರಿಸಿ ಉಳಿದಿದ್ದ ಕಂದು ಬಟ್ಟೆಯ ಸುರುಳಿಯೊಂದು ಅವರ ಅಟ್ಟದಲ್ಲಿತ್ತು. ನಮ್ಮ ಬಾಗಿಲಿನ ಹೊದಿಕೆಯ ಪಕ್ಕದಲ್ಲಿಟ್ಟರೆ ಅಣ್ಣತಮ್ಮಂದಿರಂತೆ ಕಂಡವು. ಅದು ಮಳೆ ತಡೆಯಲಾರದು. ಆದರೆ ಬಾಗಿಲಿನ ಒಳಮೈಗೆ ಮಳೆಯ ಹಂಗಿಲ್ಲ. ಖಾತೆಯ ಪುಸ್ತಕಕ್ಕೆ ಸಲ್ಲಬೇಕಾದ ಬಟ್ಟೆ ಕಾರಿನ ಬಾಗಿಲಿಗೆ ಸಂದಿತು.

ಆಸನದ ಚರ್ಮಕ್ಕಾಗಿ ತಮಿಳುನಾಡಿನ ವಾಣಿಯಂಬಾಡಿಗೆ ಹೋದೆ. ಅಲ್ಲಿ ಹದ ಮಾಡುವವರು ಹೆಚ್ಚಾಗಿ ಪಾದರಕ್ಷೆಯ ಚರ್ಮ ಮಾಡುತ್ತಾರೆ. ಇಂದಿನ ಸೋಫಾ ಚರ್ಮವನ್ನು ಕೇಳಿದರೆ ಮೇಲ್ಮೈಯನ್ನು ಉಜ್ಜಿ, ಪ್ಲಾಸ್ಟಿಕ್ಕಿನಂತಹ ಪೊರೆ ಹಚ್ಚಿದ್ದನ್ನು ತೋರಿಸುತ್ತಾರೆ. ಅದಕ್ಕೆ ಕಲೆಯಿಲ್ಲ, ಉಸಿರೂ ಇಲ್ಲ. ಯೂರೋಪಿನ ದೊಡ್ಡ ಹಸುವಿನ ಒಂದು ಚರ್ಮ ಸುಮಾರು ೫೦ ಚದರಡಿ ಬಂದರೆ ನಮ್ಮ ನಾಡಹಸುವಿನದು ಅದರ ಅರ್ಧದಷ್ಟು ಬಂದರೆ ಹೆಚ್ಚು. ಅದರಲ್ಲಿಯೂ ಉಣ್ಣೆಹುಳದ ಚುಕ್ಕೆ, ಮುದ್ರೆಯ ಬರೆ. ಆದರೆ ನಮ್ಮ ಕಾರಿನ ಆಸನ ಅಗಲವಾದ ಒಂದೇ ಹಾಳೆಯಲ್ಲ, ಕಿರಿದಾದ ಮಡಿಕೆಗಳನ್ನು ಸಾಲಾಗಿ ಹೊಲಿದದ್ದು. ಕಲೆಗಳನ್ನು ತಪ್ಪಿಸಿ ಪಟ್ಟಿಪಟ್ಟಿಯಾಗಿ ಕತ್ತರಿಸಿದರೆ ಚಿಕ್ಕ ಚರ್ಮವೂ ಸಾಲುತ್ತದೆ. ಬಣ್ಣ ಹಾಕುವ ಮೊದಲು ಅದನ್ನು ಹದ ಮಾಡಿದ್ದು ನಮ್ಮ ಬಯಲುಸೀಮೆಯ ಬೇಲಿಗಳಲ್ಲಿ ಹಳದಿ ಹೂ ಬಿಡುವ ತಂಗಡಿಯ ಚಕ್ಕೆಯಿಂದ. ಒಂದು ಕಾಲದಲ್ಲಿ ಹೀಗೆ ಅರೆಹದ ಮಾಡಿದ ತೊಗಲು ಮದರಾಸಿನಿಂದ ಇಂಗ್ಲೆಂಡಿಗೆ ಹಡಗುಗಟ್ಟಲೆ ಹೋಗುತ್ತಿತ್ತೆಂಬುದನ್ನು ನೆನೆದರೆ, ಯಾವುದು ಮೂಲ, ಯಾವುದು ಬದಲಿ ಎಂಬ ಗೆರೆ ಕೊಂಚ ಮಸುಕಾಗುತ್ತದೆ. ಕಿಟಕಿಯಂಚಿನ ಮರದಲ್ಲೂ ಹಾಗೆಯೇ ಆಯಿತು. ಇಂಗ್ಲಿಷ್ ವಾಲ್‌ನಟ್ ಎಂದು ಹೆಸರಾದ ಮರವೂ ಕಾಶ್ಮೀರದ ಅಕ್ರೋಟು ಮರವೂ ಸಸ್ಯಶಾಸ್ತ್ರದಲ್ಲಿ ಒಂದೇ ಜಾತಿ. ಬದಲಿಯೆಂದು ತಂದದ್ದು ಮೂಲವೇ ಆಗಿತ್ತು.

ಕಿಟಕಿಯ ಗಾಜು ಏರಿಳಿಸುವ ಹಿಡಿಕೆಗಳು ಸತುವಿನ ಮಿಶ್ರಲೋಹದವು; ಗುಳ್ಳೆಯೆದ್ದು ಪುಡಿಯಾಗಿದ್ದುವು. ಅವನ್ನು ಹಿತ್ತಾಳೆಯಲ್ಲಿ ಎರಕ ಹೊಯ್ಯಿಸಲು ನಾಗಮಂಗಲಕ್ಕೆ ಹೋದೆ. ದೀಪಗಳನ್ನೂ ವಿಗ್ರಹಗಳನ್ನೂ ಮಾಡುವ ಆಚಾರ್ಯರು ಹಳೆಯ ಹಿಡಿಕೆಯನ್ನು ಕೈಯಲ್ಲಿ ತಿರುಗಿಸಿ ನೋಡಿ, ಇದನ್ನೇ ಅಚ್ಚಿಗಿಟ್ಟರೆ ಆಗದೆಂದರು. ಎರಕ ಆರುವಾಗ ನೂರಕ್ಕೆ ಒಂದೂವರೆ ಭಾಗದಷ್ಟು ಕುಗ್ಗುತ್ತದೆ, ಹಲ್ಲುಗಳು ಕೂರುವುದಿಲ್ಲ. ಮಾದರಿಗೆ ತೆಳುವಾಗಿ ಮೇಣ ಬಳಿದು ಅದನ್ನು ಅಷ್ಟೇ ದೊಡ್ಡದು ಮಾಡಿ ಅಚ್ಚು ತೆಗೆದರು. ಸರಿಯಾಗಿ ಬರಬೇಕಾದರೆ ಮೊದಲು ತಪ್ಪು ಅಳತೆಯಿಂದ ಹೊರಡಬೇಕಾಯಿತು.

ಉಳಿದದ್ದು ಒಳಚಾವಣಿ. ಹತ್ತಿಯ ಬಟ್ಟೆ ಅಲ್ಲಲ್ಲಿ ಹರಿದು ಜೋತಿತ್ತು. ಅದನ್ನು ಹೊಲಿದವರು ನನ್ನ ಅತ್ತೆ. ೧೯೬೨ರಲ್ಲಿ ಉಣ್ಣೆಯನ್ನು ನುಸಿ ತಿಂದುಹಾಕಿದಾಗ, ತಕ್ಕ ಬಟ್ಟೆ ಎಲ್ಲಿಯೂ ಸಿಕ್ಕದೆ, ಮಗ್ಗದ ಬಟ್ಟೆಯನ್ನು ಚಹಾದ ಕಷಾಯದಲ್ಲಿ ಅದ್ದಿ, ಹಜಾರದಲ್ಲಿ ಹರಡಿಕೊಂಡು ಹೊಲಿದಿದ್ದರು. ದಾರ ಪೋಣಿಸಿಕೊಟ್ಟವನು ನಾನೇ. ಈಗ ಸಾಹೇಬರು ಅದನ್ನು ಬಿಚ್ಚಲು ಕತ್ತರಿ ಎತ್ತಿದಾಗ ನನಗೆ ಮನಸ್ಸು ಬರಲಿಲ್ಲ. ಮೀಮಾಂಸೆಯೆಲ್ಲ ಮರೆಯಿತು. ಅದೇ ಬಗೆಯ ಮಗ್ಗದ ಬಟ್ಟೆ ತರಿಸಿ, ಅದೇ ಚಹಾದಲ್ಲಿ ಅದ್ದಿಸಿ, ಅದೇ ರೀತಿ ಕೈಯಲ್ಲೇ ಹೊಲಿಸುವುದೆಂದು ನಿಶ್ಚಯಿಸಿದೆ. ತೊಂಬತ್ತು ದಾಟಿದ ಅತ್ತೆಗೆ ಇದರಿಂದ ಸಂತೋಷವಾದೀತೆಂದು ಭಾವಿಸಿ ಅವರಿಗೆ ಹೇಳಿದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಉಣ್ಣೆ ಸಿಕ್ಕಿದ್ದರೆ ನಾನೇಕೋ ಹೊಲಿಯುತ್ತಿದ್ದೆ?” ಎಂದರು. “ನಿಮ್ಮ ಮಾವನಿಗೆ ಅದು ಕೊನೆಯವರೆಗೂ ಸರಿಬರಲಿಲ್ಲ. ಬಿಸಿಲಿಗೆ ಒಳಗೆಲ್ಲ ಕಾಯುತ್ತಿತ್ತು, ಓಡಿಸುವಾಗ ಸದ್ದು ಹೆಚ್ಚಾಗುತ್ತಿತ್ತು. ನನ್ನೆದುರಿಗೆ ಹೇಳಲಿಲ್ಲ, ಅಷ್ಟೆ. ಈಗ ಸಿಗುತ್ತದೆಯೆ? ಸಿಕ್ಕರೆ ಉಣ್ಣೆಯನ್ನೇ ಹಾಕು.”

ಜೈಮಿನಿಯನ್ನು ಓದದ ಅತ್ತೆ ಜೈಮಿನಿಯ ತೀರ್ಪನ್ನೇ ಕೊಟ್ಟಿದ್ದರು. ಬದಲಿ ಹರಿದಾಗ ಬದಲಿಯನ್ನು ಅನುಕರಿಸಬೇಡ. ಮೂಲದ ಕಡೆಗೆ ಹೋಗು. ಅವರ ಹೊಲಿಗೆಯನ್ನು ಪವಿತ್ರವೆಂದು ಕಟ್ಟಿಡಹೊರಟಿದ್ದ ನಾನು, ಅವರು ಯಾವ ಕೊರತೆಯನ್ನು ತುಂಬಲು ಹೊಲಿದರೆಂಬುದನ್ನೇ ಮರೆತಿದ್ದೆ.

ಉಣ್ಣೆ ದೊರೆಯಿತು. ಮೈಸೂರಿನ ಶಿವರಾಮಪೇಟೆಯಲ್ಲಿ ಕೆಲಸ ನಿಲ್ಲಿಸಿದ ದರ್ಜಿಯೊಬ್ಬರ ಪೆಟ್ಟಿಗೆಯಲ್ಲಿ, ನುಸಿಗುಳಿಗೆಗಳ ನಡುವೆ, ಬೆಂಗಳೂರಿನ ಬಿನ್ನಿ ಗಿರಣಿಯ ತೆಳುವಾದ ಉಣ್ಣೆಬಟ್ಟೆ ನಾಲ್ಕು ಗಜ. ಆ ಗಿರಣಿಯೂ ಇಂದಿಲ್ಲ. ಬಣ್ಣ ಮೂಲಕ್ಕಿಂತ ಒಂದು ಛಾಯೆ ಗಾಢ. ಕತ್ತರಿಸಲು ನಕ್ಷೆಯಿರಲಿಲ್ಲ, ಸಾಹೇಬರು ಅತ್ತೆಯ ಬಟ್ಟೆಯ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿ, ತುಂಡುಗಳನ್ನು ಉಣ್ಣೆಯ ಮೇಲೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆಯೆಳೆದರು. ಬಿಚ್ಚುತ್ತ, “ಈ ಅಮ್ಮ ಒಂದು ಅಂಗುಲವೂ ತಪ್ಪಿಲ್ಲ ಸ್ವಾಮಿ” ಎಂದರು. ಹೊಸ ಒಳಚಾವಣಿ ಅತ್ತೆಯ ಅಳತೆಯಲ್ಲೇ ಕೂತಿತು, ಎಲ್ಲಿಯೂ ಸುಕ್ಕಿಲ್ಲ.

ಕೆಲಸ ಮುಗಿದ ದಿನ ಅತ್ತೆಯನ್ನು ಕೂರಿಸಿಕೊಂಡು ಕುಕ್ಕರಹಳ್ಳಿ ಕೆರೆಯವರೆಗೆ ಹೋಗಿಬಂದೆ. “ಸದ್ದು ಕಡಮೆಯಾಗಿದೆ” ಎಂದಷ್ಟೇ ಅವರು ಹೇಳಿದ್ದು. ಇಳಿಯುವಾಗ, ಬಿಚ್ಚಿದ ಹಳೆಯ ತುಂಡುಗಳನ್ನು ಏನು ಮಾಡಿದೆಯೆಂದು ಕೇಳಿದರು. ಮಡಿಸಿ ಬೀರುವಿನಲ್ಲಿ ಇಟ್ಟಿದ್ದೇನೆಂದೆ.

“ಬೀರುವಿನಲ್ಲಿ ಏಕೆ? ಒಳ್ಳೆಯ ಹತ್ತಿ. ಗಾಡಿ ಒರೆಸಲು ಆಗುತ್ತದೆ.”

ಭಾನುವಾರ ಬೆಳಿಗ್ಗೆ ಅದರಿಂದಲೇ ಒರೆಸುತ್ತೇನೆ. ನೀರನ್ನು ಚೆನ್ನಾಗಿ ಹೀರುತ್ತದೆ.