ಯಾತ್ರಾಫಲದಲ್ಲಿ ಯಾರ ಪಾಲು ಎಷ್ಟು?

ತೀರ್ಥಯಾತ್ರೆಯ ಫಲವನ್ನು ಹಂಚುವ ವಿಷಯದಲ್ಲಿ ನಮ್ಮ ಧರ್ಮಶಾಸ್ತ್ರಕಾರರು ಶಾನುಭೋಗರಷ್ಟೇ ಖಚಿತವಾದ ಲೆಕ್ಕವನ್ನಿಟ್ಟಿರುವರು. ವೇತನವನ್ನು ಪಡೆದು ಪರರ ಸಲುವಾಗಿ ಯಾತ್ರೆ ಮಾಡುವವನಿಗೆ ದೊರೆಯುವುದು ೧೬ರಲ್ಲಿ ಒಂದು ಪಾಲು. ಬೇರೊಂದು ಕಾರ್ಯಕ್ಕೆಂದು ಹೊರಟು ನಡುವೆ ಸಿಕ್ಕಿದ ತೀರ್ಥಕ್ಕೆ ಹೋದವನಿಗೆ ಅರ್ಧ ಪಾಲು. ಇನ್ನು ಹೋಗಲಾರದವರ ಹೆಸರಿನಲ್ಲಿ ದರ್ಭೆಯ ಪ್ರತಿಕೃತಿಯನ್ನು ಮಾಡಿ ತೀರ್ಥದಲ್ಲಿ ಮುಳುಗಿಸಿದರೆ, ಯಾರ ಹೆಸರಿನಲ್ಲಿ ಮುಳುಗಿಸಿದೆವೋ ಅವರಿಗೆ ೮ರಲ್ಲಿ ಒಂದು ಪಾಲು ಸಲ್ಲುವುದೆಂದು ಅತ್ರಿಸ್ಮೃತಿಯು ಹೇಳುತ್ತದೆ. ಇಂಥ ವಚನಗಳನ್ನು ಒಂದೆಡೆ ಕಲೆಹಾಕಿ ಕೊಟ್ಟ ಮಹನೀಯರು ಮಹಾಮಹೋಪಾಧ್ಯಾಯ ಪಾಂಡುರಂಗ ವಾಮನ ಕಾಣೆಯವರು. ೧೯೩೦ರಿಂದ ೧೯೬೨ರವರೆಗೆ ಐದು ಸಂಪುಟಗಳಾಗಿ ಹೊರಬಂದ ಅವರ ಧರ್ಮಶಾಸ್ತ್ರದ ಇತಿಹಾಸದಲ್ಲಿ ತೀರ್ಥಪ್ರಕರಣವು ನಾಲ್ಕನೆಯ ಸಂಪುಟದಲ್ಲಿದೆ. ಪಾಠಶಾಲೆಯ ಕೆಲಸದಿಂದ ನಿವೃತ್ತನಾದ ಮೇಲೆ ನನ್ನ ಮಧ್ಯಾಹ್ನಗಳು ಕಳೆಯುವುದು ಇಂಥ ಗ್ರಂಥಗಳ ನಡುವೆಯೇ. ಆದರೆ ಆ ಪಾಲುಗಳ ಲೆಕ್ಕವು ಒಂದು ದಿನ ನಮ್ಮ ಮನೆಯ ಲೆಕ್ಕವೇ ಆಗುವುದೆಂದು ನಾನು ಎಣಿಸಿರಲಿಲ್ಲ.

ಮಲ್ಲಿಪಟ್ಟಣವು ಅರಕಲಗೂಡು ತಾಲ್ಲೂಕಿನ ಒಂದು ಹೋಬಳಿ. ಇಲ್ಲಿಯವರಿಗೆ ಕಾಶೀರಾಮೇಶ್ವರಗಳು ಜನ್ಮಕ್ಕೊಂದು ಸಾರಿಯ ಮಾತು. ವರ್ಷವರ್ಷವೂ ನಡೆಯುವ ಯಾತ್ರೆಗಳು ಬೇರೆ. ಮಾರ್ಗಶಿರ ಶುದ್ಧ ಷಷ್ಠಿಗೆ ಕಾವೇರಿಯ ದಡದ ರಾಮನಾಥಪುರ, ಆಶ್ವಯುಜದಲ್ಲಿ ಹಾಸನಾಂಬೆ, ಮನಸ್ಸು ಬಂದಾಗ ಹೊಳೆನರಸೀಪುರದ ಲಕ್ಷ್ಮೀನರಸಿಂಹ. ಬೆಳಗಿನಲ್ಲಿ ಬುತ್ತಿ ಕಟ್ಟಿಕೊಂಡು ಹೊರಟು ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವ ದಾರಿಗಳು ಇವು. ದೊಡ್ಡ ಯಾತ್ರೆಯ ಕಥೆಯನ್ನು ಹೇಳಿಕೊಳ್ಳುವವರು ಬಹಳ. ಈ ಒಂದು ದಿನದ ಯಾತ್ರೆಗಳ ವಿಷಯವನ್ನು ಯಾರೂ ಬರೆಯುವುದಿಲ್ಲ. ಆದರೆ ಸಂಸಾರಿಗಳ ಭಕ್ತಿಯೆಲ್ಲ ಬಹುಮಟ್ಟಿಗೆ ಈ ದಾರಿಗಳಲ್ಲಿಯೇ ನಡೆದಾಡಿದೆ.

ನನ್ನ ಗೃಹಿಣಿಯು ಈ ಮನೆಗೆ ಬಂದಂದಿನಿಂದ ಬುತ್ತಿಯನ್ನು ಕಟ್ಟಿದವಳು. ಬುತ್ತಿಯೊಡನೆ ಹೋದವರು ಬೇರೆಯವರು. ನನ್ನ ತಾಯಿಯವರು ಹನ್ನೊಂದು ವರ್ಷ ಹಾಸಿಗೆ ಹಿಡಿದಿದ್ದರು. ಕೊಟ್ಟಿಗೆಯಲ್ಲಿ ಕರೆಯುವ ಹಸುವಿತ್ತು. ಹಸುವಿಗೆ ಷಷ್ಠಿಯೂ ಇಲ್ಲ, ಏಕಾದಶಿಯೂ ಇಲ್ಲ. ಎಲ್ಲರೂ ಒಂದೇ ದಿನ ಬಾಗಿಲಿಗೆ ಬೀಗ ಹಾಕಿಕೊಂಡು ಹೊರಡುವುದು ಹಳ್ಳಿಯ ಸಂಸಾರದಲ್ಲಿ ನಡೆಯದ ಮಾತು. ಆಕೆಯನ್ನು ಯಾರೂ ತಡೆದುದಿಲ್ಲ. ತಡೆಯಬೇಕಾದ ಪ್ರಸಂಗವೇ ಬರುತ್ತಿರಲಿಲ್ಲ. ಹಿಂದಿರುಗಿದವರು ಕೊಟ್ಟ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು, ಬುತ್ತಿಯ ಪಾತ್ರೆಯನ್ನು ಬೆಳಗಲು ಒಳಗೆ ಹೋಗುವಳು. ಇದನ್ನು ಓದುತ್ತಿರುವ ಗೃಹಸ್ಥರಲ್ಲಿ ಬಹುಮಂದಿಯ ಮನೆಯ ಕಥೆಯೂ ಇದೇ ಇರಬಹುದು.

೨೦೨೩ನೆಯ ಇಸವಿ ಜೂನ್ ೧೧ರಂದು ಕರ್ನಾಟಕ ಸರ್ಕಾರದ ಶಕ್ತಿ ಯೋಜನೆಯು ಆರಂಭವಾಯಿತು. ಹೆಂಗಸರು ಗುರುತಿನ ಚೀಟಿಯನ್ನು ತೋರಿಸಿ, ಸೊನ್ನೆ ರೂಪಾಯಿಯ ಟಿಕೆಟ್ಟನ್ನು ಪಡೆದು, ರಾಜ್ಯದೊಳಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಸಂಚರಿಸುವಂತಾಯಿತು. ಇದರ ರಾಜಕೀಯ ಗುಣದೋಷಗಳ ವಿಚಾರ ನನ್ನದಲ್ಲ. ಸಂತೆಯಿಂದಾಚೆಗೆ ಕಾಲಿಡದಿದ್ದ ನಮ್ಮ ಬೀದಿಯ ಹೆಂಗಸರು ಗುಂಪುಗೂಡಿ ಧರ್ಮಸ್ಥಳಕ್ಕೆ ಹೋಗಿಬಂದುದನ್ನು ಮಾತ್ರ ನಾನು ಕಣ್ಣಾರೆ ಕಂಡೆನು. ತಾಯಿಯವರು ಆ ವೇಳೆಗೆ ಸ್ವರ್ಗಸ್ಥರಾಗಿದ್ದರು. ಆ ವರ್ಷದ ಆಶ್ವಯುಜದಲ್ಲಿ ನನ್ನಾಕೆಯೂ ನೆರೆಹೊರೆಯವರೊಡನೆ ಹಾಸನಕ್ಕೆ ಹೊರಟಳು.

ಹಾಸನಾಂಬೆಯ ಗುಡಿಯು ವರ್ಷಕ್ಕೊಮ್ಮೆ ಮಾತ್ರ, ಆಶ್ವಯುಜದ ಹುಣ್ಣಿಮೆಯ ಮೇಲೆ ತೆರೆಯುವುದು. ಬಲಿಪಾಡ್ಯಮಿಯು ಕಳೆದ ಮೇಲೆ ಬಾಗಿಲು ಮುಚ್ಚುವರು. ಮುಚ್ಚುವಾಗ ಹಚ್ಚಿಟ್ಟ ದೀಪವು ಮರುವರ್ಷ ತೆರೆಯುವವರೆಗೂ ಉರಿಯುತ್ತಿರುವುದೆಂದು ಜನರ ನಂಬಿಕೆ. ಸಪ್ತಮಾತೃಕೆಯರು ಕಾಶಿಯಿಂದ ದಕ್ಷಿಣಕ್ಕೆ ಬಂದು, ಈ ಸೀಮೆಯ ಚೆಲುವಿಗೆ ಮನಸೋತು ಇಲ್ಲಿಯೇ ನಿಂತರೆಂದು ಸ್ಥಳಪುರಾಣವು ಹೇಳುತ್ತದೆ. ಮೂವರು ಹುತ್ತದ ರೂಪದಲ್ಲಿ ಹಾಸನಾಂಬೆಯಾಗಿ ನೆಲೆಸಿದರು; ಮೂವರು ದೇವಿಗೆರೆಯಲ್ಲಿ ಉಳಿದರು; ಒಬ್ಬಳು ಆಲೂರು ತಾಲ್ಲೂಕಿನ ಹೊಸಕೋಟೆಗೆ ಬಂದು ಕೆಂಚಮ್ಮನೆನಿಸಿದಳು. ನಾವು ಕಾಶಿಗೆ ಹೋಗಬೇಕೆಂದು ಹಂಬಲಿಸುತ್ತಿರಲು, ಕಾಶಿಯ ದೇವಿಯರು ನಮ್ಮ ಪಕ್ಕದ ತಾಲ್ಲೂಕಿಗೆ ಬಂದು ಕುಳಿತಿರುವುದು ವಿನೋದವಲ್ಲವೆ?

ಆ ಗುಡಿಯಲ್ಲಿ ಒಂದು ಸೊಸೆಕಲ್ಲು ಇದೆ. ಮನೆಗೆಲಸವನ್ನು ಬಿಟ್ಟು ದಿನವೂ ದೇವಿಯ ದರ್ಶನಕ್ಕೆ ಬರುತ್ತಿದ್ದ ಸೊಸೆಯೊಬ್ಬಳನ್ನು ಅತ್ತೆಯು ಹಿಂಬಾಲಿಸಿ ಬಂದು, ಕೈಮುಗಿದು ಕುಳಿತಿದ್ದಾಗಲೇ ತಲೆಗೆ ಹೊಡೆದಳಂತೆ. ಸೊಸೆಯು "ಅಮ್ಮಾ ಹಾಸನಾಂಬೆ" ಎಂದು ಕೂಗಲು, ದೇವಿಯು ಮರುಗಿ ಆಕೆಯನ್ನು ತನ್ನ ಸನ್ನಿಧಿಯಲ್ಲಿಯೇ ಕಲ್ಲಾಗಿ ಉಳಿಸಿಕೊಂಡಳಂತೆ. ಆ ಕಲ್ಲು ವರ್ಷಕ್ಕೆ ಒಂದು ಅಕ್ಕಿಕಾಳಿನಷ್ಟು ದೇವಿಯ ಕಡೆಗೆ ಸರಿಯುವುದೆಂದೂ, ಅದು ದೇವಿಯ ಪಾದವನ್ನು ಮುಟ್ಟಿದ ದಿನ ಕಲಿಯುಗವು ಮುಗಿಯುವುದೆಂದೂ ಪ್ರತೀತಿ. ಭರತಖಂಡದ ಯಾತ್ರೆಗಳಲ್ಲಿ ಇದಕ್ಕಿಂತ ಚಿಕ್ಕದಾದ, ಇದಕ್ಕಿಂತ ದೀರ್ಘವಾದ ಯಾತ್ರೆಯನ್ನು ನಾನು ಕೇಳಿಲ್ಲ. ಸಾಲಿನಲ್ಲಿ ಐದು ಗಂಟೆ ನಿಂತು ಬಂದ ನನ್ನಾಕೆಯು ರಾತ್ರಿ ಈ ಕಥೆಯನ್ನು ಹೇಳಿ, "ಪಾಪ, ಕಲ್ಲಾದ ಮೇಲಾದರೂ ಆಕೆಗೆ ಬಿಡುವು ಸಿಕ್ಕಿತು" ಎಂದಳು. ಕಥೆಗೆ ಇಂಥ ವ್ಯಾಖ್ಯಾನವನ್ನು ಯಾವ ಪಂಡಿತನೂ ಮಾಡಿದುದನ್ನು ನಾನರಿಯೆ.

ಆಕೆಯ ಮೊಣಕಾಲಿನ ನೋವು ಮರುವರ್ಷ ಬಲಿಯಿತು. ನಡುಮನೆಯಿಂದ ಕೊಟ್ಟಿಗೆಯವರೆಗೆ ಗೋಡೆ ಹಿಡಿದು ಹೋಗುವಳು. ಬಸ್ಸಿನ ಮೆಟ್ಟಿಲು ಮಾತ್ರ ಸಾಧ್ಯವಿಲ್ಲ. ೨೦೨೪ನೆಯ ಇಸವಿ ಡಿಸೆಂಬರ್ ೭ರಂದು ಷಷ್ಠಿ. ಅದಕ್ಕೆ ಎರಡು ದಿನ ಮುಂಚೆ, "ನನ್ನದೊಂದು ಹರಕೆಯಿದೆ, ನೀವು ರಾಮನಾಥಪುರಕ್ಕೆ ಹೋಗಿಬನ್ನಿ" ಎಂದಳು. ಯಾವ ಹರಕೆಯೆಂದು ಹೇಳಲಿಲ್ಲ; ನಾನೂ ಕೇಳಲಿಲ್ಲ. ಆಗ ಗ್ರಂಥದ ಲೆಕ್ಕವು ನೆನಪಿಗೆ ಬಂದು, ದರ್ಭೆಯ ಪ್ರತಿಕೃತಿಯ ವಿಧಿಯನ್ನು ವಿವರಿಸಿದೆನು. ಆಕೆಯು ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟು ನನ್ನ ಮುಖವನ್ನು ನೋಡಿದಳು.

"ದರ್ಭೆಯ ಗೊಂಬೆಯೆಂದರೆ, ದೇಹ ಸಿಕ್ಕದೆ ಹೋದವರಿಗೆ ಮಾಡಿ ಸುಡುವರಲ್ಲ, ಅದೇ ಅಲ್ಲವೆ? ನಾನಿನ್ನೂ ಇಲ್ಲಿಯೇ ಇದ್ದೇನೆ. ನನ್ನ ಎಂಟನೆಯ ಪಾಲು ನನಗೆ ಬೇಡ."

ಮಾತು ನಿಜ. ಪರದೇಶದಲ್ಲಿ ಅಳಿದು ದೇಹವು ದೊರೆಯದವರಿಗೆ ಇಂಥ ಪ್ರತಿಕೃತಿಯಿಂದಲೇ ಸಂಸ್ಕಾರವಾಗುವುದು. ಸ್ಮೃತಿಕಾರನ ಕಣ್ಣಿಗೆ ಎರಡೂ ಪ್ರತಿನಿಧಿವಿಧಿಗಳು. ಮುತ್ತೈದೆಯ ಕಣ್ಣಿಗೆ ಅವು ಒಂದೇ ಗೊಂಬೆ.

ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಭಾಷ್ಯಾನುವಾದಗಳನ್ನು ಓದಿದ ಮಿತ್ರರೊಬ್ಬರು, ಕರ್ಮಫಲವೆಲ್ಲವೂ ಅನಿತ್ಯವಾಗಿರುವಾಗ ಅದರ ಎಂಟನೆಯ ಪಾಲಿನ ಚರ್ಚೆಯೇಕೆಂದು ಕೇಳಿದರು. ವೇದಾಂತದ ಮಾತಿಗೆ ಎದುರಾಡುವ ಯೋಗ್ಯತೆ ನನಗಿಲ್ಲ. ಆದರೆ ನಮ್ಮ ಮನೆಯ ಪ್ರಶ್ನೆಯು ಮೋಕ್ಷದ್ದಲ್ಲ, ಪಾಲಿನದು. ಪರರಿಗಾಗಿ ಹೋದವನ ಪಾಲನ್ನು ಶಾಸ್ತ್ರವು ಹೇಳಿದೆ. ಪರರು ಹೋಗಲೆಂದು ತಾನು ಮನೆಯಲ್ಲಿ ಉಳಿದವಳ ಪಾಲೆಷ್ಟು?

ಹುಡುಕಿದಾಗ ಪದ್ಮಪುರಾಣದ ಭೂಮಿಖಂಡದಲ್ಲಿ ಕೃಕಲನ ಕಥೆಯು ಸಿಕ್ಕಿತು. ಕೃಕಲನು ವಾರಾಣಸಿಯ ವೈಶ್ಯ. ಅವನ ಹೆಂಡತಿ ಸುಕಲೆ. ಅವನು ತೀರ್ಥಯಾತ್ರೆಗೆ ಹೊರಟಾಗ ಆಕೆಯೂ ಬರುವೆನೆಂದಳು. ಕೋಮಲವಾದ ಶರೀರಕ್ಕೆ ದಾರಿಯ ಕಷ್ಟವು ತಾಳದೆಂದು ಕನಿಕರಪಟ್ಟು ಅವನು ಹೇಳದೆಯೇ ಹೊರಟುಹೋದನು. ತೀರ್ಥಗಳನ್ನೆಲ್ಲ ಮಿಂದು ಸಂತೋಷದಿಂದ ಮರಳುತ್ತಿರುವಾಗ ಧರ್ಮದೇವತೆಯು ಎದುರಿಗೆ ನಿಂತು, ಕಟ್ಟುಗಳಲ್ಲಿ ಸಿಕ್ಕಿದ್ದ ಅವನ ಪಿತೃಗಳನ್ನು ತೋರಿಸಿತು. ಪತ್ನಿಯನ್ನು ಬಿಟ್ಟು ಮಾಡಿದುದರಿಂದ ನಿನ್ನ ಯಾತ್ರೆಯೂ ಶ್ರಾದ್ಧವೂ ವ್ಯರ್ಥವಾಯಿತೆಂದಿತು. ಇದಕ್ಕೆ ಪರಿಹಾರವು ಮತ್ತೊಂದು ಯಾತ್ರೆಯಲ್ಲ. ಮನೆಗೆ ಹೋಗಿ, ಆಕೆಯ ಕೈಯಡಿಗೆಯಿಂದ ಅಲ್ಲಿಯೇ ಶ್ರಾದ್ಧವನ್ನು ಮಾಡಬೇಕು. ಅವನು ಹಾಗೆ ಮಾಡಲು ಪಿತೃಗಳು ಬಿಡುಗಡೆ ಹೊಂದಿದರು. ಫಲವು ಸಿಕ್ಕಿದುದು ತೀರ್ಥದ ದಡದಲ್ಲಲ್ಲ, ಒಲೆಯ ಬಳಿ. ಎಂಟು ಹದಿನಾರುಗಳ ಲೆಕ್ಕಕ್ಕಿಂತ ಈ ಪುರಾಣದ ತೀರ್ಪು ನನಗೆ ಹೆಚ್ಚು ನ್ಯಾಯವಾಗಿ ತೋರುತ್ತದೆ. ಇದನ್ನು ಓದಿಹೇಳಿದಾಗ ಆಕೆಯು, "ಅಂತೂ ಅಡಿಗೆ ಮಾತ್ರ ಅವಳೇ ಮಾಡಬೇಕಾಯಿತು" ಎಂದಳು.

ಷಷ್ಠಿಯ ಬೆಳಿಗ್ಗೆ ಆಕೆಯು ತೆಂಗಿನಕಾಯಿಯನ್ನೂ ಒಂದು ಪೊಟ್ಟಣ ಪುರಿಯನ್ನೂ ಚೀಲದಲ್ಲಿಟ್ಟು ಕೊಟ್ಟಳು. ಬಸ್ಸು ಹೆಂಗಸರಿಂದ ತುಂಬಿತ್ತು. ಹಣ ಕೊಟ್ಟು ಟಿಕೆಟ್ಟು ಪಡೆದವರು ನಾವು ಏಳೆಂಟು ಗಂಡಸರು. ನನ್ನ ಪಕ್ಕದಲ್ಲಿ ನಮ್ಮ ಹೋಬಳಿಯವಳೇ ಆದ ಒಬ್ಬ ಮುದುಕಿ ಕುಳಿತಿದ್ದಳು. ಸೆರಗಿನ ತುದಿಯಲ್ಲಿ ಅರಿಸಿನದ ಬಟ್ಟೆಯ ಗಂಟುಗಳು ನಾಲ್ಕಿದ್ದುವು.

"ಇಷ್ಟೊಂದು ಮುಡಿಪು ಯಾರದಮ್ಮಾ?" ಎಂದೆನು.

"ಒಂದು ನನ್ನದು ಮೇಷ್ಟ್ರೇ. ಮಿಕ್ಕವು ಬರಲಾರದವರದು. ಒಬ್ಬಳು ಬಾಣಂತಿ, ಒಬ್ಬಳಿಗೆ ಕಣ್ಣಿಲ್ಲ, ಒಬ್ಬಳಿಗೆ ಗಂಡನನ್ನು ಬಿಟ್ಟು ಬರುವ ಹಾಗಿಲ್ಲ."

"ಅವರಿಗೆ ಇದರ ಫಲ ಎಷ್ಟು ಬಂದೀತು?"

ಆಕೆಗೆ ನನ್ನ ಪ್ರಶ್ನೆ ಅರ್ಥವಾಗಲಿಲ್ಲ. "ಎಷ್ಟು ಎಂದರೇನು? ಅವರ ಮುಡಿಪು ಅವರದೇ. ನಾನು ಬಸ್ಸು ಹತ್ತಿದ್ದೇನೆ, ಅಷ್ಟೇ."

ಅರಕಲಗೂಡಿನಲ್ಲಿ ಬಸ್ಸು ಬದಲಿಸಿ ರಾಮನಾಥಪುರವನ್ನು ಸೇರಿದೆವು. ಷಷ್ಠಿಯ ರಥೋತ್ಸವಕ್ಕೂ ದನಗಳ ಜಾತ್ರೆಗೂ ಹೆಸರಾದ ಊರು ಅದು. ಜನಸಂದಣಿಯನ್ನು ವರ್ಣಿಸಲು ಹೋಗುವುದಿಲ್ಲ. ಸುಬ್ರಹ್ಮಣ್ಯನಿಗೆ ಕಾಯಿ ಒಡೆಯಿಸಿ, ಶ್ರೀರಾಮನೇ ಸ್ಥಾಪಿಸಿದನೆಂದು ಹೇಳುವ ರಾಮೇಶ್ವರನಿಗೆ ಕೈಮುಗಿದು, ಹೊಳೆಯ ಸೋಪಾನಕ್ಕೆ ಬಂದೆನು. ಇಲ್ಲಿ ಕಾವೇರಿಯ ಪಾತ್ರದಲ್ಲಿಯೇ ವಹ್ನಿಪುಷ್ಕರಿಣಿಯೆಂಬ ಮಡುವಿದೆ. ಈ ಮೀನುಗಳನ್ನು ಹಿಡಿಯುವಂತಿಲ್ಲ, ಬಂದವರು ಪುರಿಯನ್ನೆಸೆಯುವರು. ತೋಳಿನಷ್ಟು ಉದ್ದದ ಮೀನುಗಳು ಮೈಮೇಲೆ ಮೈ ಬಿದ್ದು ಬಾಯಿ ತೆರೆದವು. ಸಂಕಲ್ಪದಲ್ಲಿ ಆಕೆಯ ಹೆಸರನ್ನು ಹೇಳಿ ಪುರಿಯನ್ನು ಹಾಕತೊಡಗಿದೆನು. ಆ ಹೆಸರನ್ನು ನಾನು ಗಟ್ಟಿಯಾಗಿ ಉಚ್ಚರಿಸಿ ಎಷ್ಟು ಕಾಲವಾಗಿತ್ತೋ! ನಮ್ಮ ಮನೆಗಳಲ್ಲಿ ಹೆಂಡತಿಯನ್ನು ಹೆಸರಿನಿಂದ ಕರೆಯುವ ವಾಡಿಕೆಯಿಲ್ಲ. ಪೊಟ್ಟಣವು ಬರಿದಾದರೂ ಮೀನುಗಳು ಹೋಗಲಿಲ್ಲ.

ಸ್ವಲ್ಪ ದೂರದಲ್ಲಿ ಆ ಮುದುಕಿಯು ನೀರಿಗಿಳಿದಿದ್ದಳು. ಒಂದು ಮುಳುಗಿಗೆ ಒಬ್ಬರ ಹೆಸರಿನಂತೆ, ಸೀರೆಯನ್ನು ಕಚ್ಚಿ ಹಿಡಿದು, ಚಳಿಗೆ ನಡುಗುತ್ತ ನಾಲ್ಕು ಮುಳುಗು ಹಾಕಿದಳು.

ಮನೆಗೆ ಬಂದಾಗ ದೀಪ ಹಚ್ಚಿ ಆಗಿತ್ತು. ಪ್ರಸಾದವನ್ನು ಕೊಟ್ಟು, ಮೀನುಗಳ ವಿಷಯವನ್ನೂ ಮುದುಕಿಯ ನಾಲ್ಕು ಮುಳುಗುಗಳನ್ನೂ ಹೇಳಿದೆನು. ಆಕೆಯು ಗಂಗಾಳವನ್ನು ನನ್ನ ಮುಂದಿಟ್ಟು, ಆ ಮುದುಕಿಯ ಮನೆ ಯಾವ ಬೀದಿಯಲ್ಲಿದೆಯೆಂದು ಕೇಳಿದಳು. ಮರುದಿನ ದೇವರ ಮುಂದೆ ಅರಿಸಿನದ ಬಟ್ಟೆಯಲ್ಲಿ ಒಂದು ರೂಪಾಯಿಯನ್ನು ಕಟ್ಟಿಟ್ಟುದು ಕಂಡಿತು.

"ಇದು ಬರುವ ವರ್ಷಕ್ಕೆ. ನನ್ನ ಕಾಲು ವಾಸಿಯಾಗದಿದ್ದರೆ ಆಕೆಯ ಕೈಗೆ ಕೊಡುತ್ತೇನೆ," ಎಂದಳು. "ಆಕೆಯ ಲೆಕ್ಕದಲ್ಲಿ ಪೂರ್ತಿ ಬರುತ್ತದೆ."