ಕಂಬದಲ್ಲಿ ಸೊಪ್ಪು ಬೆಳೆಯೋಣ, ಆದರೆ ಲೆಕ್ಕ ತಿಳಿದು

ಡಿಸೆಂಬರಿನಿಂದ ಏಪ್ರಿಲ್ ತನಕ ಅಂಗಳದಲ್ಲಿ ಅಡಿಕೆ. ಜೂನ್ ಬಂತೆಂದರೆ ಜಡಿಮಳೆ. ತೋಟದ ಒಳಗೆ ಮಾಡೋಣವೆಂದರೆ ನೆರಳು. ಹೀಗಾಗಿ ತೋಟ ಇದ್ದೂ ಹರಿವೆ ಕಟ್ಟನ್ನು ಪೇಟೆಯಿಂದ ತರುವ ಮನೆಗಳ ಪಟ್ಟಿಯಲ್ಲಿ ನಮ್ಮದೂ ಇತ್ತು. ಈಗ ಅಂಗಳದ ಅಂಚಿನಲ್ಲಿ ಎರಡು ಸೊಪ್ಪಿನ ಕಂಬ ನಿಂತಿವೆ. ವಾರದಲ್ಲಿ ಎರಡು ದಿನದ ಪದಾರ್ಥಕ್ಕೆ ಅಡ್ಡಿಯಿಲ್ಲ.

‘ವರ್ಟಿಕಲ್ ಗಾರ್ಡನ್’ ಅಂದ ಕೂಡಲೇ ಪೇಟೆಯ ಹಸಿರು ಗೋಡೆ ಕಣ್ಣಿಗೆ ಬರುತ್ತದೆ. ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಪ್ಯಾಟ್ರಿಕ್ ಬ್ಲಾಂಕ್ ಹೆಸರುವಾಸಿ ಮಾಡಿದ್ದು ಅದನ್ನೇ. ಅಲ್ಲಿ ಮಣ್ಣಿಲ್ಲ. ಬೇರು ಇರುವುದು ದಪ್ಪ ಬಟ್ಟೆಯ ಪದರದಲ್ಲಿ, ನೀರು-ಗೊಬ್ಬರ ಬರುವುದು ಪಂಪಿನಿಂದ. ಕರೆಂಟು ಹೋದರೆ ಗಿಡವೂ ಹೋಯಿತು. ನಮ್ಮ ಹಳ್ಳಿಗೆ ಇದು ಹೇಳಿದ್ದಲ್ಲ. ನಮಗೆ ಮಣ್ಣು ತುಂಬಿದ ಕಂಬವೇ ಸರಿ.

ಉಪಾಯ ಹೊಳೆದದ್ದು ಕಾಳುಮೆಣಸಿನ ನರ್ಸರಿಯಿಂದ. ಕಲ್ಲಿಕೋಟೆಯ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯವರು ತಂತಿ ಬಲೆಯ ಕಂಬದಲ್ಲಿ ಮೆಣಸಿನ ಬಳ್ಳಿ ಹಬ್ಬಿಸಿ ಗಿಡ ಮಾಡುವ ಕ್ರಮ ರೂಪಿಸಿದ್ದಾರೆ. 2 ಮೀಟರ್ ಎತ್ತರ, 1 ಅಡಿ ಅಡ್ಡಳತೆ. ಒಳಗೆ 3 ಪಾಲು ತೆಂಗಿನ ನಾರಿನ ಹುಡಿ, 1 ಪಾಲು ಎರೆಗೊಬ್ಬರ, ಜತೆಗೆ ಟ್ರೈಕೋಡರ್ಮ. ಸುತ್ತ 8-10 ಬಳ್ಳಿ. ನಾಲ್ಕು ತಿಂಗಳಲ್ಲಿ ತುದಿ ಮುಟ್ಟುತ್ತದೆ. ಮೆಣಸಿಗೆ ಆಗುವುದು ಹರಿವೆಗೆ ಯಾಕಾಗದು ಅನ್ನಿಸಿತು.

ಮೊದಲ ಕಂಬ ಮಲಗಿತು

ಹಳೆ ಬಲೆಯನ್ನು ಸುತ್ತಿ, ಒಳಗೆ ಗೋಣಿ ಕೊಟ್ಟು, ಬರೇ ತೋಟದ ಮಣ್ಣು ತುಂಬಿದ್ದೆ. ನೀರು ಮೇಲಿಂದ ಚೊಂಬಿನಲ್ಲಿ. ಒಂದು ತಿಂಗಳು ಚಂದ ಕಂಡಿತು. ಆಮೇಲೆ ನಡುವಿನ ಗಿಡಗಳು ಬಾಡಿದವು, ಬುಡದವು ಕೊಳೆತವು. ಮಳೆಗೆ ಗೋಣಿ ಕುಂಬಾಗಿ ಕಂಬವೇ ವಾಲಿತು. ಬಿಡಿಸಿ ನೋಡಿದರೆ ನಡುವೆ ಮಣ್ಣು ಇಟ್ಟಿಗೆಯ ಹಾಗೆ ಒಣಗಿದೆ, ಬುಡದ ಅರ್ಧ ಅಡಿ ಕೆಸರು! ಸುರಿದ ನೀರೆಲ್ಲ ಬದಿಯಿಂದಲೇ ಜಾರಿ ಹೋಗಿತ್ತು.

ಆಮೇಲೆ ಕಾಗದ-ಪೆನ್ಸಿಲ್ ಹಿಡಿದೆ. 1 ಅಡಿ ಅಡ್ಡಳತೆ, 4 ಅಡಿ ಎತ್ತರದ ಕಂಬ ನಿಲ್ಲಲು ಒಂದು ಚದರ ಅಡಿ ಜಾಗವೂ ಬೇಡ. ಆದರೆ ಅದರ ಹೊರಮೈ ಹನ್ನೆರಡೂವರೆ ಚದರ ಅಡಿ. ಇಷ್ಟು ನೋಡಿಯೇ ನಾವು ಮರುಳಾಗುವುದು. ಒಳಗಿನ ಮಣ್ಣು ಎಷ್ಟು? ಸುಮಾರು 90 ಲೀಟರ್. ಅದನ್ನು ಆ ಹನ್ನೆರಡೂವರೆ ಚದರ ಅಡಿಗೆ ಹರಡಿದರೆ ಬರೇ 3 ಇಂಚು ದಪ್ಪ. ಎತ್ತರ ಜಾಗ ಕೊಡುತ್ತದೆ, ಮಣ್ಣು ಕೊಡುವುದಿಲ್ಲ. 3 ಇಂಚು ಮಣ್ಣಿನ ಮಡಿಯನ್ನು ಸುತ್ತಲೂ ಬಿಸಿಲು-ಗಾಳಿಗೆ ಒಡ್ಡಿ ನಿಲ್ಲಿಸಿದ್ದೇವೆ ಅಂತಲೇ ತಿಳಿಯಬೇಕು. ಮುಂದಿನ ಎಲ್ಲ ಆರೈಕೆಯೂ ಈ ಲೆಕ್ಕದ ಮೇಲೆಯೇ.

ಮಾಡುವ ಕ್ರಮ

4 ಅಡಿ ಅಗಲದ, 2 ಇಂಚು ಕಣ್ಣಿನ ವೆಲ್ಡ್‌ಮೆಶ್ ಮೂರೂವರೆ ಅಡಿ ಉದ್ದ ಬೇಕು. ಕೊಳವೆಯಂತೆ ಸುತ್ತಿ ತಂತಿಯಲ್ಲಿ ಕಟ್ಟಿ. ತಂತಿಯ ತುದಿಗಳನ್ನು ಒಳಗೆ ಮಡಚಿ, ಇಲ್ಲವಾದರೆ ಸೊಪ್ಪು ಕೊಯ್ಯುವಾಗ ಕೈ ಗೀರುತ್ತದೆ. ಒಳಮೈಗೆ ನೆರಳು ಬಲೆ ಎರಡು ಪದರ. ಅಡಿಕೆ ಹಾಳೆಯೂ ಆದೀತು, ಆದರೆ ಮಳೆಗಾಲ ದಾಟುವಾಗ ಕುಂಬಾಗುತ್ತದೆ.

ನಡುವೆ 2 ಇಂಚಿನ ಪಿವಿಸಿ ಪೈಪು, ನಾಲ್ಕೂವರೆ ಅಡಿ. ಕಂಬದ ಪ್ರಾಣವೇ ಇದು. ಕೆಳತುದಿ ಮುಚ್ಚಿ. ಬುಡದ ಒಂದು ಅಡಿಗೆ ತೂತು ಬೇಡ, ಅಲ್ಲಿಗೆ ಮೇಲಿನ ನೀರು ತಾನಾಗಿ ಇಳಿಯುತ್ತದೆ. ನಡುವಿಗೆ ಅರ್ಧ ಅಡಿಗೊಂದು, ಮೇಲಿನ ಅರ್ಧಕ್ಕೆ 3 ಇಂಚಿಗೊಂದು ಸಣ್ಣ ತೂತು, ಸುತ್ತಲೂ ಬರುವ ಹಾಗೆ. ಮಣ್ಣು ಕಟ್ಟದಂತೆ ಪೈಪಿಗೂ ಒಂದು ಸುತ್ತು ಬಲೆ ಹೊದೆಸಿ.

ತುಂಬಲು ಮಣ್ಣು, ಹುಡಿಯಾದ ಹಟ್ಟಿಗೊಬ್ಬರ, ನಾರಿನ ಹುಡಿ ಸಮಪಾಲು. ನಾರಿನ ಹುಡಿ ಹಸಿಯದ್ದು ಬೇಡ, ಅದರ ಒಗರು ಗಿಡಕ್ಕೆ ಆಗುವುದಿಲ್ಲ. ಒಂದು ಮಳೆಗಾಲ ನೆನೆದು ಹಳತಾದ ರಾಶಿಯದ್ದೇ ಆಗಬೇಕು. ಅರ್ಧರ್ಧ ಅಡಿ ತುಂಬಿ, ನೀರು ಚಿಮುಕಿಸಿ, ಕೈಯಲ್ಲಿ ಒತ್ತುತ್ತಾ ಬನ್ನಿ. ಒಮ್ಮೆಲೇ ಸುರಿದರೆ ತಿಂಗಳಲ್ಲಿ ಮಣ್ಣು ಕುಸಿದು ಮೇಲಿನ ಸಾಲಿನ ಬೇರು ಹೊರಗೆ ಬಿದ್ದೀತು.

ತುಂಬುವ ಮೊದಲೇ ಜಾಗ ಗಟ್ಟಿ ಮಾಡಿಕೊಳ್ಳಿ. ನೀರು ಕುಡಿದ ಕಂಬ ನೂರು ಕಿಲೋ ಹತ್ತಿರ ತೂಗುತ್ತದೆ, ಮತ್ತೆ ಅಲುಗಿಸುವ ಮಾತಿಲ್ಲ. ಬುಡಕ್ಕೆ 3 ಇಂಚು ಜಲ್ಲಿ, ಬದಿಗೆ ಎರಡು ಸರಳು ಹೊಡೆದು ಕಟ್ಟಿ. ಮನೆ ಗೋಡೆಗೆ ತಾಗಿಸಬೇಡಿ, ತೇವ ಎಳೆಯುತ್ತದೆ. ಒಂದೆರಡು ಅಡಿ ಬಿಡಿ.

ಯಾವ ಗಿಡ ಎಲ್ಲಿ?

ಬಲೆಗೆ ಗುಣಿಸು ಗುರುತಿನ ಹಾಗೆ ಸಣ್ಣ ಸೀಳು ಮಾಡಿ, ನಾಲ್ಕೆಲೆಯ ಸಸಿಯನ್ನು ಸ್ವಲ್ಪ ಮೇಲ್ಮುಖವಾಗಿ ನೆಡಿ. ಬೀಜ ಹಾಕಿದರೆ ತೊಳೆದು ಹೋಗುತ್ತದೆ. ಮೊದಲ ಸಾಲು ನೆಲದಿಂದ ಅರ್ಧ ಅಡಿ ಮೇಲೆ. ಆರು ಸಾಲು, ಸಾಲಿಗೆ ಐದಾರು ಗಿಡ, ಒಟ್ಟು 30-35. ಜಾಗ ಕಾಣುತ್ತದೆಂದು ಇನ್ನಷ್ಟು ತುರುಕಬೇಡಿ. 3 ಇಂಚಿನ ಲೆಕ್ಕ ನೆನಪಿರಲಿ.

ತೇವ ನಿಲ್ಲುವ ಬುಡಕ್ಕೆ ಒಂದೆಲಗ, ಪುದಿನ. ನಡುವೆ ಹರಿವೆ, ಪಾಲಕ್. ಬೇಗ ಒಣಗುವ ಮೇಲಿನ ಸಾಲಿಗೆ ದೊಡ್ಡಪತ್ರೆ. ನೆತ್ತಿಯಲ್ಲಿ ಒಂದು ಮೆಣಸಿನ ಗಿಡ. ಬದನೆ, ಬೆಂಡೆ, ಸೌತೆ ಕಂಬಕ್ಕೆ ಹೇಳಿಸಿದ್ದಲ್ಲ, ಅವುಗಳ ಬೇರಿಗೆ ಮಣ್ಣು ಸಾಲದು. ಬಸಳೆಗೆ ನೆಲ ಮತ್ತು ಚಪ್ಪರವೇ ಆಗಬೇಕು.

ನಮ್ಮಲ್ಲಿ ವರ್ಷದ ಹೆಚ್ಚಿನ ಕಾಲ ಮಧ್ಯಾಹ್ನದ ಬಿಸಿಲು ತೆಂಕಿನಿಂದ ಬೀಳುತ್ತದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನ ತನಕ ಮಾತ್ರ ಬಡಗಿನಿಂದ. ಹಾಗಾಗಿ ಹರಿವೆ ತೆಂಕು-ಮೂಡು ಬದಿಗೆ, ಒಂದೆಲಗ-ಪುದಿನ ಬಡಗಿಗೆ ಇರಲಿ.

ಆರೈಕೆ

ಬೇಸಗೆಯಲ್ಲಿ ಬೆಳಗ್ಗೆ-ಸಂಜೆ ಪೈಪಿಗೆ ನೀರು, ನಿಧಾನಕ್ಕೆ. ಬುಡದಲ್ಲಿ ಒಸರಲು ಸುರುವಾದರೆ ಸಾಕು. ಎರಡು ದಿನ ನೆಂಟರ ಮನೆಗೆ ಹೋಗುವುದಾದರೆ ಯಾರಿಗಾದರೂ ಹೇಳಿಯೇ ಹೋಗಬೇಕು. ನೆಲದ ಗಿಡ ತಡೆದೀತು, ಕಂಬದ್ದು ತಡೆಯದು.

ಇಷ್ಟು ನೀರು ಹೋದಾಗ ಸಾರವೂ ತೊಳೆದು ಹೋಗುತ್ತದೆ. ಒಮ್ಮೆ ಗೊಬ್ಬರ ಹಾಕಿ ಕೂತರೆ ಎಲೆ ಹಳದಿಯಾಗುತ್ತದೆ. ವಾರಕ್ಕೊಮ್ಮೆ ಹತ್ತು ಪಾಲು ನೀರಿಗೆ ಒಂದು ಪಾಲು ಗೋಮೂತ್ರ, ಇಲ್ಲವೇ ಸೋಸಿದ ಸಗಣಿ ತಿಳಿ ಪೈಪಿಗೆ ಎರೆಯಿರಿ. ಸೋಸದಿದ್ದರೆ ತೂತು ಕಟ್ಟುತ್ತದೆ. ಕಡಿದು ಚಿಗುರುವ ಸೊಪ್ಪು ಕೊಯ್ದ ಮರುದಿನ ಕೊಟ್ಟರೆ ಒಳ್ಳೆಯದು.

ಮಳೆಗಾಲದಲ್ಲಿ ಕಂಬಕ್ಕೆ ಮಾಡು ಬೇಕೇ ಬೇಕು. ಪಾರದರ್ಶಕ ಶೀಟಿನ ಒಂದು ತುಂಡು ಸಾಕು. ಬಸವನಹುಳು ಬುಡದಲ್ಲಿ ಅಡಗಿ ರಾತ್ರಿ ಹತ್ತುತ್ತದೆ. ಟಾರ್ಚ್ ಹಿಡಿದು ಹೆಕ್ಕುವುದೇ ಮದ್ದು. ಹೇನಿಗೆ ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ, ಸ್ವಲ್ಪ ಸೋಪು ಸೇರಿಸಿ ಸಂಜೆ ಸಿಂಪಡಿಸಿ. ವರ್ಷಕ್ಕೊಮ್ಮೆ ಕಂಬ ಬಿಚ್ಚಿ, ಹೊಸ ಗೊಬ್ಬರ ಬೆರೆಸಿ ತುಂಬಬೇಕು. ಹಳೆ ಮಣ್ಣು ತೆಂಗಿನ ಬುಡಕ್ಕೆ ಆಯ್ತು.

ಕೊನೆಗೊಂದು ಮಾತು. ಬಿಸಿಲು ಬೀಳುವ ನೆಲ ನಿಮ್ಮಲ್ಲಿದ್ದರೆ ಮಡಿಯನ್ನೇ ಮಾಡಿ. ಖರ್ಚೂ ಕಮ್ಮಿ, ಕೆಲಸವೂ ಕಮ್ಮಿ. ನೆಲ ಇಲ್ಲದವರಿಗೆ, ಬಗ್ಗಿ ಕೂರಲು ಆಗದ ಹಿರಿಯರಿಗೆ, ಕೋಳಿ ಕೆದಕುವ ಅಂಗಳಕ್ಕೆ ಕಂಬ ಒಳ್ಳೆಯದು. ಸುರುವಿಗೆ ಒಂದೇ ಮಾಡಿ. ದಿನಾ ನೀರು ಕೊಡುವ ಅಭ್ಯಾಸ ನಿಮಗೆ ಬಂದರೆ ಎರಡನೆಯದು.