ಒಂದೇ ಆಟಕ್ಕೆ ನಾಲ್ಕು ದೇಶಗಳ ಕತ್ತರಿ

2008ರ ಜುಲೈನಲ್ಲಿ ಆಸ್ಟ್ರೇಲಿಯಾದ ವರ್ಗೀಕರಣ ಮಂಡಳಿ ಒಂದು ವಿಡಿಯೊ ಗೇಮ್‌ಗೆ ಪ್ರಮಾಣಪತ್ರ ಕೊಡಲು ನಿರಾಕರಿಸಿತು. ಆಟದ ಹೆಸರು 'ಫಾಲ್‌ಔಟ್ 3'. ತಯಾರಿಸಿದ್ದು ಅಮೆರಿಕದ ಮೇರಿಲ್ಯಾಂಡ್‌ನ ಬೆಥೆಸ್ಡಾ ಸಂಸ್ಥೆ. 2077ರಲ್ಲಿ ಅಣುಯುದ್ಧ ನಡೆದು ಜಗತ್ತು ಹಾಳಾದ ಇನ್ನೂರು ವರ್ಷಗಳ ಮೇಲೆ, ವಾಷಿಂಗ್ಟನ್ ನಗರದ ಅವಶೇಷಗಳ ನಡುವೆ ನಡೆಯುವ ಕಥೆ ಅದರದು. ನೆಲದಡಿಯ ಸುರಕ್ಷಿತ ಗೂಡಿನಲ್ಲಿ ಬೆಳೆದ ಯುವಕ ಅಥವಾ ಯುವತಿ ತಂದೆಯನ್ನು ಹುಡುಕುತ್ತ ಹೊರಗೆ ಬರುವುದರೊಂದಿಗೆ ಆಟ ಆರಂಭ. ಹೊರಗೆ ದರೋಡೆಕೋರರು, ವಿಕಾರಗೊಂಡ ಪ್ರಾಣಿಗಳು, ವಿಕಿರಣ ಬೆರೆತ ನೀರು. ಗುಂಡು ಹಾರುತ್ತದೆ, ರುಂಡ ಉರುಳುತ್ತದೆ, ರಕ್ತಕ್ಕೇನೂ ಬರವಿಲ್ಲ.

ಆದರೆ ನಿರಾಕರಣೆಗೆ ಮಂಡಳಿ ಕೊಟ್ಟ ಕಾರಣ ರಕ್ತಪಾತವಲ್ಲ. ಆಟದಲ್ಲಿ ಗಾಯಗೊಂಡವನು ಮಾರ್ಫೀನ್ ಚುಚ್ಚಿಕೊಂಡರೆ ನೋವು ತಿಳಿಯದೆ ಮುನ್ನುಗ್ಗಬಹುದಿತ್ತು. ಮಾದಕ ವಸ್ತುವನ್ನು ಬಳಸಿದರೆ ಆಟಗಾರನಿಗೆ ಲಾಭವಾಗುವಂತಿದ್ದರೆ ಅಂಥ ಆಟಕ್ಕೆ ಪ್ರಮಾಣಪತ್ರವಿಲ್ಲ ಎಂಬುದು ಅಲ್ಲಿನ ನಿಯಮ. ಬೆಥೆಸ್ಡಾದವರು ಮಾರ್ಫೀನ್ ಎಂಬ ನಿಜವಾದ ಹೆಸರನ್ನು ತೆಗೆದು 'ಮೆಡ್-ಎಕ್ಸ್' ಎಂಬ ಕಲ್ಪಿತ ಹೆಸರಿಟ್ಟರು. ಆಗಸ್ಟ್‌ನಲ್ಲಿ ಆಟ ಪಾಸಾಯಿತು. ಒಂದು ದೇಶಕ್ಕೆಂದು ಮಾಡಿದ ಈ ತಿದ್ದುಪಡಿಯನ್ನು ಕಂಪನಿ ಎಲ್ಲ ದೇಶಗಳ ಪ್ರತಿಗಳಿಗೂ ಅನ್ವಯಿಸಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಸಿಡ್ನಿಯಲ್ಲಿ ಎದ್ದ ಆಕ್ಷೇಪಕ್ಕೆ ಲಂಡನ್ನಿನ ಆಟಗಾರನ ಪರದೆಯ ಮೇಲಿನ ಪದ ಬದಲಾಯಿತು. ಮುಂದೆ ಬಂದ 'ಫಾಲ್‌ಔಟ್' ಆಟಗಳಲ್ಲೂ ಅದು ಮೆಡ್-ಎಕ್ಸ್ ಆಗಿಯೇ ಉಳಿಯಿತು.

ಅದೇ ವರ್ಷ ಇದೇ ಆಟಕ್ಕೆ ಜರ್ಮನಿ ಇನ್ನೊಂದು ಬಗೆಯ ಕತ್ತರಿ ಹಾಕಿಸಿತು, ಜಪಾನ್ ಮತ್ತೊಂದು ಬಗೆಯದು. ಭಾರತದಲ್ಲಂತೂ ಯಾವ ಸರ್ಕಾರವೂ ಕೇಳದೆ ಆಟ ಬರುವುದೇ ನಿಂತಿತು. ವಯಸ್ಸಿನ ಮುದ್ರೆ ಎಲ್ಲಿ ಮುಗಿಯುತ್ತದೆ, ನಿಷೇಧ ಎಲ್ಲಿ ಶುರುವಾಗುತ್ತದೆ ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಆಟಗಳಿಗೆ ವಯಸ್ಸಿನ ಮುದ್ರೆ ಒತ್ತುವ ಪದ್ಧತಿ ಗಟ್ಟಿಯಾಗಿ ಬೇರೂರಿದ್ದು 'ಮಾರ್ಟಲ್ ಕಾಂಬ್ಯಾಟ್' ಎಂಬ ಹೊಡೆದಾಟದ ಆಟದ ನಂತರ. 1993ರಲ್ಲಿ ಅದು ಮನೆಯ ಟಿ.ವಿ.ಗೆ ಜೋಡಿಸುವ ಯಂತ್ರಗಳಿಗೆ ಬಂದಾಗ ನಿಂಟೆಂಡೊ ಕಂಪನಿ ಕೆಂಪು ರಕ್ತವನ್ನು ಬೂದು ಬಣ್ಣದ ಬೆವರನ್ನಾಗಿ ಮಾಡಿಸಿತು. ಪ್ರತಿಸ್ಪರ್ಧಿ ಸೆಗಾ ಕಂಪನಿಯ ಯಂತ್ರದಲ್ಲಿ ಗುಂಡಿಗಳನ್ನು ಒಂದು ಗುಪ್ತ ಕ್ರಮದಲ್ಲಿ ಒತ್ತಿದರೆ ರಕ್ತ ಹರಿಯುತ್ತಿತ್ತು. ಹೆಚ್ಚು ಖರ್ಚಾದದ್ದು ಯಾವುದೆಂದು ಹೇಳಬೇಕಾಗಿಲ್ಲ. ಆ ವರ್ಷದ ಡಿಸೆಂಬರ್‌ನಲ್ಲಿ ಸೆನೆಟರ್‌ಗಳಾದ ಜೋಸೆಫ್ ಲೀಬರ್ಮನ್ ಮತ್ತು ಹರ್ಬ್ ಕೋಲ್ ಅಮೆರಿಕದ ಸಂಸತ್ತಿನಲ್ಲಿ ಬಹಿರಂಗ ವಿಚಾರಣೆ ನಡೆಸಿದರು. ನೀವೇ ಸರಿಪಡಿಸಿಕೊಳ್ಳದಿದ್ದರೆ ನಾವು ಕಾನೂನು ತರುತ್ತೇವೆ ಎಂಬುದು ಅವರ ಮಾತಿನ ಸಾರಾಂಶ. ಹೆದರಿದ ಉದ್ಯಮ 1994ರಲ್ಲಿ ತನ್ನದೇ ಆದ ಇ.ಎಸ್.ಆರ್.ಬಿ. ಎಂಬ ಮಂಡಳಿಯನ್ನು ಕಟ್ಟಿಕೊಂಡಿತು.

ಅಮೆರಿಕದ ಈ ಮುದ್ರೆಯ ಹಿಂದೆ ಕಾನೂನಿನ ಬಲವಿಲ್ಲ. ಅಂಗಡಿಯವರು ಪಾಲಿಸುವುದು ಒಪ್ಪಂದದ ಮೇರೆಗೆ. ಹಿಂಸಾತ್ಮಕ ಆಟಗಳನ್ನು ಮಕ್ಕಳಿಗೆ ಮಾರುವುದು ಅಪರಾಧವೆಂದು ಕ್ಯಾಲಿಫೋರ್ನಿಯಾ ರಾಜ್ಯ ಮಾಡಿದ ಕಾನೂನನ್ನು ಅಲ್ಲಿನ ಸುಪ್ರೀಂ ಕೋರ್ಟ್ 2011ರ ಜೂನ್‌ನಲ್ಲಿ ರದ್ದುಪಡಿಸಿತು. ಪುಸ್ತಕ, ನಾಟಕ, ಸಿನಿಮಾಗಳಿಗೆ ಇರುವ ಅಭಿವ್ಯಕ್ತಿ ಸ್ವಾತಂತ್ರ್ಯವೇ ವಿಡಿಯೊ ಗೇಮ್‌ಗೂ ಇದೆ ಎಂದು ಏಳು ನ್ಯಾಯಮೂರ್ತಿಗಳು ಒಂದು ಕಡೆ, ಇಬ್ಬರು ಇನ್ನೊಂದು ಕಡೆ ನಿಂತ ಆ ತೀರ್ಪು ಹೇಳಿತು. ಅಮೆರಿಕದಲ್ಲಿ ಮುದ್ರೆ ಎಂದರೆ ತಂದೆತಾಯಿಗೆ ಕೊಡುವ ಸೂಚನೆ, ಅಷ್ಟೇ.

ಆಸ್ಟ್ರೇಲಿಯಾ ಹಿಡಿದ ದಾರಿ ಬೇರೆ. ಅಲ್ಲಿ 1995ರ ವರ್ಗೀಕರಣ ಕಾಯ್ದೆಯಡಿ ಮಂಡಳಿಯ ಪ್ರಮಾಣಪತ್ರವಿಲ್ಲದೆ ಆಟವನ್ನು ಮಾರುವಂತಿಲ್ಲ, ಬಾಡಿಗೆಗೆ ಕೊಡುವಂತೆಯೂ ಇಲ್ಲ. ಸಿನಿಮಾಗಳಿಗೆ ಹದಿನೆಂಟು ವರ್ಷ ದಾಟಿದವರಿಗಾಗಿಯೇ ಒಂದು ವರ್ಗವಿತ್ತು, ನಮ್ಮ 'ಎ' ಸರ್ಟಿಫಿಕೇಟ್ ಇದ್ದ ಹಾಗೆ. ಆದರೆ ಆಟಗಳ ಏಣಿ ಹದಿನೈದಕ್ಕೇ ನಿಂತಿತ್ತು. ಆಟಗಳೆಂದರೆ ಮಕ್ಕಳ ವಸ್ತು, ಅದರಲ್ಲೂ ನೋಡುವವನೇ ಕೈಯಾರೆ ಮಾಡುವ ಹಿಂಸೆಯ ಪರಿಣಾಮ ಹೆಚ್ಚು ಎಂಬುದು ಅದನ್ನು ರೂಪಿಸಿದವರ ನಂಬಿಕೆ. ಹೀಗಾಗಿ ಹದಿನೈದರ ಹುಡುಗನಿಗೆ ಸಲ್ಲದ ಆಟ ನಲವತ್ತರ ಗೃಹಸ್ಥನಿಗೂ ಸಲ್ಲದಾಯಿತು. ಸಲ್ಲದ್ದನ್ನು 'ವರ್ಗೀಕರಣ ನಿರಾಕೃತ' ಎಂದು ಕರೆದರು. ಹೆಸರು ಸೌಮ್ಯವಾದರೂ ಅರ್ಥ ನಿಷೇಧವೇ.

ಇದರಲ್ಲೊಂದು ವಿಚಿತ್ರವೂ ಅಡಗಿತ್ತು. ಮೇಲಿನ ಮೆಟ್ಟಿಲು ಇಲ್ಲದ ಕಾರಣ ಎಷ್ಟೋ ಆಟಗಳು ಸ್ವಲ್ಪ ಕತ್ತರಿಸಿಕೊಂಡು ಹದಿನೈದರ ಮುದ್ರೆ ಪಡೆದು ಬರುತ್ತಿದ್ದವು. ಬ್ರಿಟನ್ನಿನಲ್ಲಿ ಹದಿನೆಂಟರ ಮುದ್ರೆ ಹೊತ್ತಿದ್ದ 'ಫಾಲ್‌ಔಟ್ 3' ಆಸ್ಟ್ರೇಲಿಯಾದಲ್ಲಿ ಹದಿನೈದರವರಿಗೆ ಸಿಕ್ಕಿತು. ಮಕ್ಕಳನ್ನು ಕಾಯಲೆಂದು ಹಾಕಿದ ಬೇಲಿ ಮಕ್ಕಳನ್ನೇ ಒಳಗೆ ಬಿಟ್ಟು ದೊಡ್ಡವರನ್ನು ಹೊರಗಿಟ್ಟಿತು.

ನಿಯಮ ಬದಲಿಸಬೇಕೆಂದರೆ ಎಲ್ಲ ರಾಜ್ಯಗಳ ಅಟಾರ್ನಿ ಜನರಲ್‌ಗಳೂ ಒಪ್ಪಬೇಕಿತ್ತು. ದಕ್ಷಿಣ ಆಸ್ಟ್ರೇಲಿಯಾದ ಮೈಕೆಲ್ ಅಟ್ಕಿನ್ಸನ್ ವರ್ಷಗಟ್ಟಲೆ ಒಪ್ಪಲಿಲ್ಲ. ಹದಿನೆಂಟರ ಮುದ್ರೆ ಬಂದರೆ ಆ ಆಟಗಳು ಮನೆ ಹೊಕ್ಕು ಮಕ್ಕಳ ಕೈಗೆ ಸಿಗುವುದು ಖಂಡಿತ ಎಂದು ಅವರು ವಾದಿಸುತ್ತಿದ್ದರು. ಮನೆಯಲ್ಲಿ ಅಣ್ಣನ ಕಪಾಟು ತಮ್ಮನಿಗೆ ಬೀಗವಲ್ಲ ಎಂಬುದನ್ನು ಬಲ್ಲ ಯಾವ ತಾಯಿಯೂ ಆ ವಾದವನ್ನು ಸುಲಭವಾಗಿ ತಳ್ಳಿಹಾಕಲಾರಳು. 2009ರ ಕೊನೆಗೆ ಸರ್ಕಾರ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ 58 ಸಾವಿರಕ್ಕೂ ಹೆಚ್ಚು ಪತ್ರಗಳು ಬಂದವು, ಬಹುಪಾಲು ಹೊಸ ವರ್ಗದ ಪರ. ಅಟ್ಕಿನ್ಸನ್ 2010ರಲ್ಲಿ ಹುದ್ದೆ ಬಿಟ್ಟರು. ಹೊಸ ಕಾನೂನು 2013ರ ಜನವರಿ 1ರಂದು ಜಾರಿಗೆ ಬಂತು. 2009ರಲ್ಲಿ ನಿರಾಕರಣೆಗೆ ಒಳಗಾಗಿ, ಅಂಗಚ್ಛೇದನದ ದೃಶ್ಯಗಳನ್ನು ಕತ್ತರಿಸಿಕೊಂಡು ಬಂದಿದ್ದ 'ಲೆಫ್ಟ್ 4 ಡೆಡ್ 2' ಎಂಬ ಆಟದ ಮೂಲ ರೂಪ 2014ರಲ್ಲಿ ಹದಿನೆಂಟರ ಮುದ್ರೆಯೊಂದಿಗೆ ಪಾಸಾಯಿತು. ಐದು ವರ್ಷಗಳಲ್ಲಿ ಆಟ ಬದಲಾಗಿರಲಿಲ್ಲ, ಏಣಿಗೆ ಒಂದು ಮೆಟ್ಟಿಲು ಕೂಡಿತ್ತು.

ಜರ್ಮನಿಯ ವಿಷಯಕ್ಕೆ ಬಂದರೆ, ಅಲ್ಲಿನ ಎಚ್ಚರಿಕೆಗೆ ಇತಿಹಾಸದ ಭಾರವಿದೆ. ಮಕ್ಕಳಿಗೆ ಹಾನಿಕರವಾದ ಕೃತಿಗಳ ಸರ್ಕಾರಿ ಪಟ್ಟಿಯೊಂದು ಅಲ್ಲಿ ಹಿಂದಿನಿಂದಲೂ ಇದೆ. ಪಟ್ಟಿಗೆ ಸೇರಿದ ವಸ್ತುವಿನ ಜಾಹೀರಾತು ಕೂಡದು, ಅಂಗಡಿಯಲ್ಲಿ ಕಾಣುವಂತೆ ಇಡಕೂಡದು. ವಯಸ್ಕನೊಬ್ಬ ಬಾಯಿಬಿಟ್ಟು ಕೇಳಿದರೆ ಮೇಜಿನ ಕೆಳಗಿನಿಂದ ತೆಗೆದುಕೊಡಬಹುದು. 1984ರಲ್ಲಿ ಈ ಪಟ್ಟಿಗೆ ಸೇರಿದ ಮೊದಲಿಗರಲ್ಲಿ 'ರಿವರ್ ರೇಡ್' ಒಂದು. ಕ್ಯಾರಲ್ ಶಾ ಎಂಬ ಮಹಿಳೆ ರೂಪಿಸಿದ ಆ ಆಟದಲ್ಲಿ ಬೆರಳುಗಾತ್ರದ ವಿಮಾನವೊಂದು ನದಿಯ ಮೇಲೆ ಹಾರುತ್ತ ದೋಣಿಗಳಿಗೆ ಗುಂಡು ಹೊಡೆಯುತ್ತದೆ. ಇಂದಿನ ಮಕ್ಕಳು ನೋಡಿದರೆ ಆಕಳಿಸಿಯಾರು. ಅದು ಎಳೆಯರನ್ನು ಸೈನಿಕ ಮನೋಭಾವಕ್ಕೆ ಒಗ್ಗಿಸುತ್ತದೆ ಎಂಬುದು ಅಂದಿನ ಆಕ್ಷೇಪ. ಪಟ್ಟಿಯಿಂದ ಬಿಡುಗಡೆಯಾದದ್ದು 2002ರಲ್ಲಿ. ಅದೇ ವರ್ಷ ಎರ್ಫುರ್ಟ್ ನಗರದ ಶಾಲೆಯೊಂದರಲ್ಲಿ ಗುಂಡಿನ ದಾಳಿ ನಡೆದು ದೇಶ ತಲ್ಲಣಿಸಿತು. 2003ರಿಂದ ಅಲ್ಲಿ ಆಟದ ಮೇಲಿನ ವಯಸ್ಸಿನ ಮುದ್ರೆಗೆ ಕಾನೂನಿನ ಬಲ ಬಂತು.

'ಫಾಲ್‌ಔಟ್ 3' ಜರ್ಮನಿಗೆ ಹೋದದ್ದು ರಕ್ತವನ್ನು ತಗ್ಗಿಸಿಕೊಂಡು. ಜಪಾನಿನಲ್ಲಿ ಆಗಿದ್ದು ಇನ್ನೂ ಗಮನಾರ್ಹ. ಆಟದಲ್ಲಿ ಮೆಗಾಟನ್ ಎಂಬ ಊರಿದೆ. ಸಿಡಿಯದೆ ಉಳಿದ ಅಣುಬಾಂಬಿನ ಸುತ್ತ ಕಟ್ಟಿಕೊಂಡ ಊರು ಅದು. ಆಟಗಾರ ಬಾಂಬನ್ನು ನಿಷ್ಕ್ರಿಯಗೊಳಿಸಿ ಊರನ್ನು ಉಳಿಸಬಹುದು, ಇಲ್ಲವೇ ಹಣಕ್ಕಾಗಿ ಸಿಡಿಸಿ ದೂರದ ಮಹಡಿಯಿಂದ ನೋಡಬಹುದು. ಜಪಾನಿನ ಪ್ರತಿಯಲ್ಲಿ ಸಿಡಿಸುವ ಅವಕಾಶವನ್ನೇ ತೆಗೆದರು. ಹಾಗೆ ಮಾಡೆಂದು ಆಸೆ ತೋರಿಸುವ ಪಾತ್ರವೂ ಮಾಯವಾಯಿತು. ಸಣ್ಣ ಅಣುಬಾಂಬುಗಳನ್ನು ಎಸೆಯುವ 'ಫ್ಯಾಟ್ ಮ್ಯಾನ್' ಎಂಬ ಆಯುಧಕ್ಕೆ ಬೇರೆ ಹೆಸರು ಕೊಟ್ಟರು. 1945ರ ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಬಿದ್ದ ಬಾಂಬಿನ ಹೆಸರು ಅದೇ ಅಲ್ಲವೇ? ಆ ಊರಿನವರ ಮಕ್ಕಳು ಮೊಮ್ಮಕ್ಕಳು ಆಡುವ ಆಟದಲ್ಲಿ ಆ ಹೆಸರು ಬೇಡವೆನಿಸಿದ್ದು ಅರ್ಥವಾಗುವ ಮಾತು. ಮಾರ್ಫೀನ್ ಪದಕ್ಕೆ ಬಿದ್ದ ಕತ್ತರಿಗಿಂತ ಈ ಕತ್ತರಿಗೆ ಹೆಚ್ಚು ಕಾರಣವಿದೆ.

ಇನ್ನು ಭಾರತದ ಕಥೆ. 2008ರ ಅಕ್ಟೋಬರ್‌ನಲ್ಲಿ, ಆಟ ಬಿಡುಗಡೆಯಾಗುವ ಹೊತ್ತಿಗೆ, ಮೈಕ್ರೋಸಾಫ್ಟ್ ಕಂಪನಿ ಅದನ್ನು ಭಾರತಕ್ಕೆ ತರುವುದಿಲ್ಲವೆಂದು ಪ್ರಕಟಿಸಿತು. ಕೊಟ್ಟ ಕಾರಣ ಸಾಂಸ್ಕೃತಿಕ ಸೂಕ್ಷ್ಮತೆ. ಯಾವ ಸೂಕ್ಷ್ಮತೆ ಎಂದು ಬಿಡಿಸಿ ಹೇಳಲಿಲ್ಲ. ಊಹೆಗಳು ಹರಡಿದವು. ಆಟದಲ್ಲಿ ವಿಕಿರಣದಿಂದ ಎರಡು ತಲೆ ಬೆಳೆದ ಹಸುಗಳಿವೆ, ಅವುಗಳ ಹೆಸರು 'ಬ್ರಾಹ್ಮಿನ್'. ಅವನ್ನು ಕೊಲ್ಲಲೂಬಹುದು. ಇದೇ ಕಾರಣವಿರಬೇಕು ಎಂದು ಹಲವರು ಬರೆದರು. ಈ ಹೆಸರು ನೆನಪಿಸುವುದು ಅಮೆರಿಕದ 'ಬ್ರಾಹ್ಮನ್' ಎಂಬ ದನದ ತಳಿಯನ್ನು. ಆ ತಳಿ ಹುಟ್ಟಿದ್ದು ಭಾರತದಿಂದ ಅಲ್ಲಿಗೆ ಹೋದ ಗಿರ್, ಓಂಗೋಲ್ ಮುಂತಾದ ದನಗಳಿಂದ. ನಮ್ಮ ಕೃಷ್ಣಾ ಕಣಿವೆಯ ತಳಿಯೂ ಅವುಗಳಲ್ಲಿ ಸೇರಿದೆ. ಹಾಗೆ ನೋಡಿದರೆ ಬೆಳಗಾವಿ, ವಿಜಯಪುರ ಸೀಮೆಯ ಎತ್ತಿನ ದೂರದ ನೆಂಟನೊಂದು ಆಟದೊಳಗೆ ಹೊಕ್ಕು ತವರಿಗೆ ಬರಲಾಗದೆ ಹೋಯಿತು ಎನ್ನಬಹುದು.

ಗಮನಿಸಬೇಕಾದ ವ್ಯತ್ಯಾಸ ಇಲ್ಲಿದೆ. ಆಸ್ಟ್ರೇಲಿಯಾದ ಮಂಡಳಿ ತಾನೇಕೆ ಬೇಡವೆಂದೆ ಎಂಬುದನ್ನು ಬರವಣಿಗೆಯಲ್ಲಿ ಕೊಟ್ಟಿತು. ಅದನ್ನು ಓದಿ ತಯಾರಕರು ತಿದ್ದಿಕೊಂಡರು. ಅಲ್ಲಿ ಮೇಲ್ಮನವಿಗೂ ಒಂದು ಮಂಡಳಿಯಿದೆ. 2021ರ ಮಾರ್ಚ್‌ನಲ್ಲಿ 'ಡಿಸ್ಕೊ ಎಲಿಸಿಯಮ್' ಎಂಬ ಹೆಸರಾಂತ ಆಟದ ಹೊಸ ಆವೃತ್ತಿಯನ್ನು ಮಾದಕ ವಸ್ತುವಿನ ಕಾರಣಕ್ಕೇ ನಿರಾಕರಿಸಿದಾಗ ಅರ್ಜಿ ಮೇಲಿನ ಮಂಡಳಿಗೆ ಹೋಯಿತು. ಕುಡಿತ ಮತ್ತು ಮಾದಕ ವ್ಯಸನ ಮನುಷ್ಯನನ್ನು ಹೇಗೆ ಕೆಡಿಸುತ್ತದೆಂದು ಈ ಆಟ ತೋರಿಸುತ್ತದೆ, ಹೊಗಳುವುದಿಲ್ಲ ಎಂಬ ವಾದವನ್ನು ಒಪ್ಪಿ ಮೇ ತಿಂಗಳಲ್ಲಿ ಹದಿನೆಂಟರ ಮುದ್ರೆ ಕೊಟ್ಟರು. ಭಾರತದಲ್ಲಿ 2008ರಲ್ಲಿ ಪ್ರಶ್ನಿಸಲು ಆದೇಶವೂ ಇರಲಿಲ್ಲ, ಮೇಲ್ಮನವಿಗೆ ಬಾಗಿಲೂ ಇರಲಿಲ್ಲ. ಯಾರೂ ನಿಷೇಧಿಸದ ವಸ್ತುವಿಗಾಗಿ ಯಾವ ಕೋರ್ಟಿಗೆ ಹೋಗುವುದು?

ಅಂದು ಆಟ ತಟ್ಟೆಯ ರೂಪದಲ್ಲಿ ಡಬ್ಬಿಯೊಳಗೆ ಬರುತ್ತಿತ್ತು, ತಡೆಯುವ ಸ್ಥಳ ಬಂದರು ಅಥವಾ ಅಂಗಡಿ. ಈಗ ಆಟ ಇಂಟರ್ನೆಟ್ ಮೂಲಕ ಇಳಿಯುತ್ತದೆ. ಮಾರಾಟ ತಾಣವು ಗ್ರಾಹಕನ ಸಂಪರ್ಕದ ವಿಳಾಸ, ಹಣ ಪಾವತಿಸುವ ಕಾರ್ಡಿನ ದೇಶ ಇವುಗಳನ್ನು ನೋಡಿ ಅವನು ಎಲ್ಲಿಯವನೆಂದು ತೀರ್ಮಾನಿಸುತ್ತದೆ. ಆ ದೇಶಕ್ಕೆ ಸಲ್ಲದ ಆಟವನ್ನು ಅಂಗಡಿಯ ಪುಟದಿಂದಲೇ ಮರೆಮಾಡುತ್ತದೆ. ಈ ಬೀಗ ನೀತಿಗಾಗಿ ಮಾತ್ರ ಎಂದು ಭಾವಿಸಬೇಕಿಲ್ಲ. ಪೂರ್ವ ಯುರೋಪಿನಲ್ಲಿ ಅಗ್ಗಕ್ಕೆ ಮಾರಿದ ಆಟ ಪಶ್ಚಿಮದಲ್ಲಿ ಓಡದಂತೆ ಬೀಗ ಹಾಕಿದ್ದಕ್ಕೆ, 'ಸ್ಟೀಮ್' ಮಾರಾಟ ತಾಣದ ಒಡೆಯರಾದ ವಾಲ್ವ್ ಕಂಪನಿಗೂ ಐವರು ಪ್ರಕಾಶಕರಿಗೂ 2021ರ ಜನವರಿಯಲ್ಲಿ ಯುರೋಪಿಯನ್ ಆಯೋಗ ಒಟ್ಟು 78 ಲಕ್ಷ ಯೂರೊ ದಂಡ ವಿಧಿಸಿತು.

ಸಾವಿರಾರು ಆಟಗಳನ್ನು ಮಂಡಳಿಯ ಸದಸ್ಯರು ಕುಳಿತು ನೋಡುವುದು ಈಗ ಅಸಾಧ್ಯ. ಅದಕ್ಕಾಗಿ ಬಂದದ್ದು ಪ್ರಶ್ನಾವಳಿ. ರಕ್ತವಿದೆಯೇ, ನಗ್ನತೆ ಇದೆಯೇ, ಜೂಜಿದೆಯೇ ಎಂಬ ಪ್ರಶ್ನೆಗಳಿಗೆ ತಯಾರಕನೇ ಉತ್ತರ ತುಂಬಿದರೆ ಕಂಪ್ಯೂಟರ್ ಒಂದೊಂದು ದೇಶದ ಮಾನದಂಡಕ್ಕೆ ತಕ್ಕ ಮುದ್ರೆ ಕೊಡುತ್ತದೆ. ಜರ್ಮನಿಯಲ್ಲಿ 2024ರ ನವೆಂಬರ್ 15ರಿಂದ ಇಂಥ ವಯಸ್ಸಿನ ಮುದ್ರೆ ಇಲ್ಲದ ಆಟಗಳನ್ನು ಸ್ಟೀಮ್ ತೋರಿಸುವುದನ್ನು ನಿಲ್ಲಿಸಿತು. ಮರೆಯಾಗಲು ಅಶ್ಲೀಲವೋ ಕ್ರೂರವೋ ಆಗಿರಬೇಕೆಂದೇನಿಲ್ಲ. ಒಗಟು ಬಿಡಿಸುವ ಸಾಧು ಆಟವೇ ಆದರೂ, ಮಾಡಿದವನು ಅರ್ಜಿ ತುಂಬದಿದ್ದರೆ ಅದಕ್ಕೂ ಅದೇ ಗತಿ.

ಭಾರತದಲ್ಲಿ ಸಿನಿಮಾಕ್ಕೆ ಸೆನ್ಸಾರ್ ಮಂಡಳಿ ಇರುವ ಹಾಗೆ ಆಟಗಳನ್ನು ಬಿಡುಗಡೆಗೆ ಮುಂಚೆ ನೋಡಿ ಪ್ರಮಾಣಪತ್ರ ಕೊಡುವ ಮಂಡಳಿ ಇಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ 'ಪಬ್‌ಜಿ'ಯನ್ನು ತಡೆದದ್ದು ದೇಶದ ಭದ್ರತೆ, ಸಾರ್ವಭೌಮತೆಯ ಕಾರಣ ಕೊಟ್ಟು, ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ. ಮಕ್ಕಳು ಊಟ ಬಿಟ್ಟು ಆಡುತ್ತಾರೆಂದು ಗೋಳಾಡುತ್ತಿದ್ದ ತಂದೆತಾಯಿಗೆ ಅದರಿಂದ ಸಮಾಧಾನವಾಯಿತೇನೋ ನಿಜ, ಆದರೆ ಆ ಆದೇಶಕ್ಕೂ ವಯಸ್ಸಿಗೂ ಸಂಬಂಧವಿರಲಿಲ್ಲ. ಅದೇ ಆಟ 2021ರಲ್ಲಿ ಹೊಸ ಹೆಸರು ಹೊತ್ತು ಬಂದಾಗ ರಕ್ತದ ಬಣ್ಣ ಹಸಿರಾಗಿತ್ತು.

ಇಲ್ಲಿನ ಫೋನುಗಳ ಪ್ಲೇ ಸ್ಟೋರ್‌ನಲ್ಲಿ ಆಟದ ಹೆಸರಿನ ಕೆಳಗೆ 3, 7, 12, 16, 18 ಎಂದು ಕಾಣುವ ಅಂಕಿ ಭಾರತದ ಯಾವ ಮಂಡಳಿಯೂ ಕೊಟ್ಟದ್ದಲ್ಲ. ಅದು ಮೇಲೆ ಹೇಳಿದ ಪ್ರಶ್ನಾವಳಿಯ ಫಲ, ತಮ್ಮದೇ ಮಂಡಳಿ ಇಲ್ಲದ ದೇಶಗಳಿಗೆಲ್ಲ ಸಾಮಾನ್ಯವಾಗಿ ಕೊಡುವ ಅಂಕಿ. ಆ ಅಂಕಿ ತಾನಾಗಿ ಯಾವ ಮಗುವನ್ನೂ ತಡೆಯುವುದಿಲ್ಲ. ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ಪೋಷಕರ ನಿಯಂತ್ರಣ ಎಂಬ ಭಾಗವಿದೆ. ಅಲ್ಲಿ ವಯಸ್ಸಿನ ಮಿತಿ ಆರಿಸಿ, ಮಗುವಿಗೆ ತಿಳಿಯದ ಗುಪ್ತಸಂಖ್ಯೆಯೊಂದನ್ನು ಇಟ್ಟರೆ, ಮಿತಿ ಮೀರಿದ ಆಟ ಆ ಫೋನಿಗೆ ಅಲ್ಲಿಂದ ಇಳಿಯುವುದಿಲ್ಲ. ಮೊದಲೇ ಇಳಿಸಿಕೊಂಡ ಆಟಗಳಿಗೆ ಮಾತ್ರ ಈ ಬೀಗ ಅನ್ವಯಿಸದು, ಅವನ್ನು ಕೈಯಾರೆ ಅಳಿಸಬೇಕು.